ಸ್ಕೂಟರ್ ಸ್ಟ್ಯಾಂಡಿನ ಹನ್ನೆರಡೂವರೆ ನಿಮಿಷ

ನಿಯಮ ಮುರಿಯುವವರು ಬೆಂಗಳೂರಿನಲ್ಲಿ ಆರಾಮವಾಗಿ ಓಡಾಡಿಕೊಂಡಿರುತ್ತಾರೆ. ರಸ್ತೆಯ ನಡುವೆ ಜನ ನಿಂತು ನೋಡುವಂಥ ಪ್ರಸಂಗಗಳು ಬರುವುದು ನಿಯಮ ಪಾಲಿಸುವ ನನ್ನಂಥವನಿಗೇ. ಯಾಕೆ ಹೀಗೆ ಎಂದು ಬಹಳ ಯೋಚಿಸಿದ್ದೇನೆ. ಉತ್ತರ ಸಿಕ್ಕಿಲ್ಲ. ಆಗಿದ್ದನ್ನು ಆದ ಹಾಗೆಯೇ ಬರೆಯುತ್ತೇನೆ, ನಗುವವರು ನಗಬಹುದು.

ಗಡಿಯಾರವಿಲ್ಲದ ಸ್ಟ್ಯಾಂಡು

ಅರವತ್ತರ ದಶಕದ ಕೊನೆಯ ಮಾತು. ಏಳು ವರ್ಷ ಕ್ಯೂನಲ್ಲಿ ಕಾದ ಮೇಲೆ ನನಗೊಂದು ಸ್ಕೂಟರ್ ಬಂದಿತ್ತು. ಹಲಸೂರಿನ ಬಾಡಿಗೆ ಮನೆಯಿಂದ ಕಮರ್ಷಿಯಲ್ ಸ್ಟ್ರೀಟಿಗೆ ಹೋದರೆ ಅದನ್ನು ಬೀದಿಯಲ್ಲಿ ನಿಲ್ಲಿಸಲು ಮನಸ್ಸು ಬರುತ್ತಿರಲಿಲ್ಲ. ಅಲ್ಲೊಂದು ದೊಡ್ಡ ಬಟ್ಟೆ ಅಂಗಡಿಯ ಹಿಂದೆ, ಅಂಗಡಿಯ ಯಜಮಾನರದೇ ಕಾಂಪೌಂಡಿನಲ್ಲಿ, ಖಾಸಗಿ ಸ್ಟ್ಯಾಂಡಿತ್ತು. ಹಲಗೆಯ ಮೇಲೆ ಹೀಗೆ ಬರೆದಿತ್ತು: "ಎರಡು ಗಂಟೆಗೆ ಇಪ್ಪತ್ತೈದು ಪೈಸೆ. ಮೀರಿದರೆ ಮತ್ತೆ ಇಪ್ಪತ್ತೈದು." ನಿಯಮ ಸ್ಪಷ್ಟವಾಗಿತ್ತು. ನನಗೆ ಸಂತೋಷವೇ ಆಯಿತು.

ಸ್ಟ್ಯಾಂಡ್ ನೋಡಿಕೊಳ್ಳುತ್ತಿದ್ದವರು ಶಿವಾಜಿನಗರದ ಒಬ್ಬ ಮುದುಕರು. ಬಿಳಿ ಗಡ್ಡ, ತಲೆಗೆ ಬಲೆ ಟೋಪಿ, ಕಿವಿಯ ಮೇಲೆ ಸೀಮೆಸುಣ್ಣದ ತುಂಡು. ಗಾಡಿ ಒಳಗೆ ಬಂದ ಕೂಡಲೇ "ಟೈಮ್ ಎಷ್ಟು ಸಾಬ್?" ಎಂದು ಬಂದವನನ್ನೇ ಕೇಳಿ, ಅವನು ಹೇಳಿದ ಟೈಮನ್ನು ಸೀಟಿನ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದರು. ಗಾಡಿ ತೆಗೆಯಲು ಬಂದಾಗ ಆ ಗಳಿಗೆಗೆ ಗೇಟಿನಲ್ಲಿ ಯಾರು ಒಳಗೆ ಬರುತ್ತಿದ್ದರೋ ಅವರನ್ನು ಟೈಮ್ ಕೇಳಿ, ಎರಡನ್ನೂ ಕಳೆದು ಚಾರ್ಜ್ ಹೇಳುತ್ತಿದ್ದರು.

ಈ ಪದ್ಧತಿ ಕಂಡು ನನಗೆ ಮೈ ಉರಿಯಿತು. ಒಳಗೆ ಬರುವುದು ಒಬ್ಬನ ವಾಚಿನಲ್ಲಿ, ಹೊರಗೆ ಹೋಗುವುದು ಇನ್ನೊಬ್ಬನ ವಾಚಿನಲ್ಲಿ! ಟೈಮಿನ ಮೇಲೆ ಕಾಸು ವಸೂಲಿ ಮಾಡುವ ಜಾಗದಲ್ಲಿ ಒಂದು ಗಡಿಯಾರ ಇಡುವುದು ಬೇಡವೇ ಎಂದು ಕೇಳಿದೆ.

ಮುದುಕರು ನನ್ನನ್ನು ನಿಧಾನವಾಗಿ ನೋಡಿ ಹೇಳಿದರು: "ಗಡಿಯಾರ ಯಾಕೆ ಸಾಬ್? ಬರೋರೆಲ್ಲ ಕಟ್ಕೊಂಡೇ ಬರ್ತಾರಲ್ಲ."

ವಾಚಿನ ಚೀಟಿ

ಇಲ್ಲಿ ನನ್ನ ವಾಚಿನ ವಿಷಯ ಹೇಳಲೇಬೇಕು. ನಾನು ಕಾರ್ಖಾನೆಯ ಅಳತೆ ವಿಭಾಗದಲ್ಲಿ ಇನ್‌ಸ್ಪೆಕ್ಟರ್. ಅಲ್ಲಿ ಒಂದು ಗೇಜ್ ತಪ್ಪು ತೋರಿಸುತ್ತಿದ್ದರೆ ನಾವು ಅದನ್ನು ತಿರುಚುವುದಿಲ್ಲ. ಎಷ್ಟು ತಪ್ಪು ಎಂದು ಪರೀಕ್ಷಿಸಿ, ಚೀಟಿಯಲ್ಲಿ ಬರೆದಿಟ್ಟು, ಓದುವಾಗ ಅಷ್ಟನ್ನು ಕಳೆಯುತ್ತೇವೆ. ಸುಮ್ಮನೆ ಮುಳ್ಳು ಸರಿಸುವುದೆಂದರೆ ತಪ್ಪನ್ನು ಮುಚ್ಚಿಟ್ಟ ಹಾಗೆ.

ಮದುವೆಯಲ್ಲಿ ಮಾವನವರು ಕೊಟ್ಟ ನನ್ನ ವಾಚು ದಿನಕ್ಕೆ ಅರ್ಧ ನಿಮಿಷ ಮುಂದೆ ಓಡುತ್ತಿತ್ತು. ಪ್ರತಿ ತಿಂಗಳು ಒಂದನೇ ತಾರೀಕು ರೇಡಿಯೋ ಕೇಳಿ ಸರಿಮಾಡುತ್ತಿದ್ದೆ. ಆಮೇಲೆ ತಿಂಗಳು ಪೂರ್ತಿ ಮುಟ್ಟುತ್ತಿರಲಿಲ್ಲ. ತಾರೀಕಿಗೆ ಸರಿಯಾಗಿ ಎಷ್ಟು ಕಳೆಯಬೇಕೆಂಬ ಪಟ್ಟಿಯನ್ನು ಸಣ್ಣ ಅಕ್ಷರದಲ್ಲಿ ಬರೆದು ಜೇಬಿನಲ್ಲಿ ಇಟ್ಟುಕೊಂಡಿದ್ದೆ. ಇಪ್ಪತ್ತೈದನೇ ತಾರೀಕಿಗೆ ಹನ್ನೆರಡು ನಿಮಿಷ. ಇಪ್ಪತ್ತಾರಕ್ಕೆ ಹನ್ನೆರಡೂವರೆ.

ನನ್ನ ಹೆಂಡತಿಗೆ ಇದು ಹಿಡಿಸುತ್ತಿರಲಿಲ್ಲ. "ಒಂದ್ಸಲ ತಿರುಗಿಸಿದ್ರೆ ಮುಗೀತಲ್ಲ ರೀ" ಎನ್ನುತ್ತಿದ್ದಳು. ಯಾವ ಕಾರಣಕ್ಕೂ ಮುಟ್ಟಕೂಡದೆಂದು ಹೇಳಿಟ್ಟಿದ್ದೆ.

ನಮ್ಮ ಮಹಡಿ ಮನೆಯಲ್ಲಿ ವಿಮಾ ಆಫೀಸಿನ ಒಬ್ಬರು ಗುಮಾಸ್ತರಿದ್ದರು, ಧಾರವಾಡದ ಕಡೆಯವರು. ಒಂದು ಬೆಳಿಗ್ಗೆ ಬಸ್ಸಿಗೆ ಓಡುತ್ತಾ ಮೆಟ್ಟಿಲ ಮೇಲಿಂದಲೇ ಟೈಮ್ ಕೇಳಿದರು. ನಾನು ವಾಚು ನೋಡಿ, ಚೀಟಿ ತೆಗೆದು, "ಎಂಟು ನಲವತ್ತೊಂದು, ಅದರಲ್ಲಿ ಒಂಬತ್ತು ಕಳೆಯಿರಿ" ಎಂದೆ.

ಅವರು ಒಂದು ಕ್ಷಣ ನಿಂತರು. "ನಾ ಟೈಮ್ ಕೇಳೇನ್ರಿ, ಲೆಕ್ಕಾ ಕೇಳಿಲ್ಲ" ಎಂದು ಹೋದರು. ಬಸ್ಸೂ ಹೋಗಿತ್ತು.

ನಾಲ್ಕು ಸಾಕ್ಷಿಗಳು

ಅಂದು ಶನಿವಾರ, ತಿಂಗಳ ಇಪ್ಪತ್ತೈದು. ಹೆಂಡತಿಯ ತಂಗಿಯ ಮದುವೆಗೆ ಸೀರೆ ತರಬೇಕಿತ್ತು. ಕಾರ್ಖಾನೆಯಿಂದ ಅರ್ಧ ದಿನಕ್ಕೆ ಬಂದು, ಊಟ ಮಾಡಿ, ಸ್ವಲ್ಪ ಹೊತ್ತು ಮಲಗಿ, ಇಬ್ಬರೂ ಹೊರಟೆವು. ಸ್ಟ್ಯಾಂಡಿಗೆ ಬಂದಾಗ ವಾಚು ನಾಲ್ಕು ಐದು ತೋರಿಸುತ್ತಿತ್ತು. ಹನ್ನೆರಡು ಕಳೆದು, "ಮೂರು ಐವತ್ಮೂರು" ಎಂದು ಬರೆಸಿದೆ.

ಸೀರೆ ಅಂಗಡಿಯಲ್ಲಿ ನಾನು ಕೂತಿದ್ದು ವಾಚು ನೋಡಿಕೊಂಡೇ. ಹೆಂಡತಿ ಅರವತ್ತು ಸೀರೆ ಬಿಡಿಸಿ ನೋಡಿ, ಮೊದಲು ನೋಡಿದ್ದನ್ನೇ ತೆಗೆದುಕೊಂಡಳು. ಸ್ಟ್ಯಾಂಡಿಗೆ ವಾಪಸು ಬಂದಾಗ ನನ್ನ ಲೆಕ್ಕದಲ್ಲಿ ಐದು ಐವತ್ತು. ಒಟ್ಟು ಒಂದು ಗಂಟೆ ಐವತ್ತೇಳು ನಿಮಿಷ. ಸರಿಯಾಗಿ ನಾಲ್ಕಾಣೆ ತೆಗೆದು ಕೊಟ್ಟೆ.

ಮುದುಕರು ಗೇಟಿನಲ್ಲಿ ಸೈಕಲ್ ತಳ್ಳಿಕೊಂಡು ಬರುತ್ತಿದ್ದವನನ್ನು ಕೇಳಿದರು. ಅವನು ಆರು ಎರಡು ಎಂದ. "ಎರಡು ಗಂಟೆ ಮೇಲೆ ಒಂಬತ್ತು ನಿಮಿಷ ಆಯ್ತು ಸಾಬ್. ಇನ್ನು ನಾಲ್ಕಾಣೆ" ಎಂದರು.

ಅವನ ವಾಚು ತಪ್ಪು ಎಂದೆ. ಇನ್ನೊಬ್ಬರನ್ನು ಕೇಳಿದರು. ಆರು ಒಂದು. ಮತ್ತೊಬ್ಬರು ಆರು ಮೂರು. ಗೇಟಿನಾಚೆ ಹೂ ಮಾರುತ್ತಿದ್ದವಳ ಗಂಡ ಅಲ್ಲಿಂದಲೇ ತಾನಾಗಿಯೇ ಆರು ಎರಡು ಎಂದು ಕೂಗಿದ. ನಿಜ ಹೇಳಬೇಕೆಂದರೆ ನನ್ನ ವಾಚು ಕೂಡ ಆರು ಎರಡನ್ನೇ ತೋರಿಸುತ್ತಿತ್ತು. ಆದರೆ ಅದು ತಪ್ಪೆಂದು ನನಗೆ ಗೊತ್ತಿತ್ತು. ತಮ್ಮದು ತಪ್ಪೆಂದು ಅವರಿಗೆ ಗೊತ್ತಿರಲಿಲ್ಲ. ನಾಲ್ಕು ಜನರೂ ಈ ಮುದುಕನ ಕಡೆಯವರೇ, ಬೇಕೆಂದೇ ಟೈಮ್ ಮುಂದೆ ಹೇಳುತ್ತಾರೆ ಎಂದು ನಾನು ತೀರ್ಮಾನಿಸಿದೆ.

"ಹೋಗ್ಲಿ ಬಿಡಿ ಸಾಬ್, ಇನ್ನೊಂದ್ಸಲ ಬಂದಾಗ ಕೊಡಿ. ಅಮ್ಮ ನಿಂತವ್ರೆ" ಎಂದು ಮುದುಕರು ಗಾಡಿ ಹೊರಗೆ ತರಲು ಹೋದರು. ನಾನು ತಡೆದೆ. ಸಾಲ ಹೇಳಿ ಗಾಡಿ ಒಯ್ದರೆ ತಪ್ಪು ಒಪ್ಪಿಕೊಂಡ ಹಾಗೆ. "ಈ ಸ್ಕೂಟರ್ ಈಗ ಸಾಕ್ಷಿ. ಸೀಟಿನ ಮೇಲಿನ ಬರಹ ಒರೆಸಬೇಡ, ಯಾರೂ ಅದರ ಮೇಲೆ ಕೂರಕೂಡದು" ಎಂದೆ.

ಹೆಂಡತಿ ಸೀರೆಯ ಕಟ್ಟನ್ನು ಕಂಕುಳಿಗೆ ಸೇರಿಸಿಕೊಂಡು ಕೇಳಿದಳು: "ಯಾರೂ ಅಂದ್ರೆ ನಾವೂನಾ?"

ಕೆರೆ ಏರಿ

ಮುಂಭಾಗದ ಅಂಗಡಿಯಲ್ಲಿ ಯಜಮಾನರನ್ನು ಕಂಡೆ. ತಮಿಳು ಮನೆಮಾತಿನವರು, ಹಣೆಯ ತುಂಬ ವಿಭೂತಿ, ಮಾತು ಅಳತೆಗೆ ತಕ್ಕಷ್ಟು. ನಾನು ಇಂಗ್ಲಿಷಿನಲ್ಲಿ ದೂರು ಹೇಳಿದೆ, ಅವರು ಕನ್ನಡದಲ್ಲಿ ಉತ್ತರ ಕೊಟ್ಟರು. "ಹೋದ ತಿಂಗಳೂ ಯಾರೋ ಒಬ್ರು ಹೀಗೇ ಅಂದ್ರು. ನಾಳೆ ಕರೆಕ್ಟಾಗಿ ಹನ್ನೊಂದಕ್ಕೆ ಬನ್ನಿ, ಎದುರೆದುರೇ ಕೇಳೋಣ. ಅವನು ಮೋಸ ಮಾಡಿದ್ದು ನಿಜ ಆದ್ರೆ ನಾಳೆಯಿಂದ ಸ್ಟ್ಯಾಂಡ್ ಬೇರೆಯವ್ರಿಗೆ."

ಹೊರಗೆ ಬಂದು ಮುದುಕರಿಗೂ ಇದನ್ನು ತಿಳಿಸಿದೆ. ವಿಚಾರಣೆ ಯಾರ ಬೆನ್ನ ಹಿಂದೆಯೂ ಆಗಬಾರದಷ್ಟೆ. ಅವರ ಮುಖ ಸಣ್ಣಗಾಯಿತು. "ಹದಿನಾರು ವರ್ಷ ಆಯ್ತು ಸಾಬ್ ಇಲ್ಲಿ" ಎಂದರು. ಆಮೇಲೆ "ಬನ್ನಿ, ನಾನೂ ಇರ್ತೀನಿ" ಎಂದರು.

ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಹಲಸೂರು ಕೆರೆಯ ಕಡೆಗೆ ನಡೆದೇ ಹೊರಟೆವು. ಏರಿಯ ಹತ್ತಿರ ಬಂದಾಗ ಹೆಂಡತಿ, ಆ ಮನುಷ್ಯನಿಗೆ ಈ ವಯಸ್ಸಿನಲ್ಲಿ ಬೇರೆ ಯಾರು ಕೆಲಸ ಕೊಡುತ್ತಾರೆ ಎಂದು ಕೇಳಿದಳು. ಅದು ನಾಲ್ಕಾಣೆಯ ಪ್ರಶ್ನೆಯಲ್ಲ, ನ್ಯಾಯದ ಪ್ರಶ್ನೆ ಎಂದೆ. ನಾಳೆ ತಾನೂ ಬರುತ್ತೇನೆ ಎಂದಳು. ಯಾಕೆ ಎಂದು ಕೇಳಿದ್ದಕ್ಕೆ, ಯಾರಾದರೂ ಒಬ್ಬರು ಆತನ ಕಡೆಗೂ ಇರಲಿ ಎಂದಳು.

ಸ್ವಲ್ಪ ದೂರ ಹೋದ ಮೇಲೆ ಚಪ್ಪಲಿಯಿಂದ ಕಲ್ಲು ಕೊಡವಲು ನಿಂತವಳು, ಹಿಂದಿನ ಮಾತಿಗೆ ಸಂಬಂಧವೇ ಇಲ್ಲದ ಹಾಗೆ ಹೇಳಿದಳು: "ಏಳು ವರ್ಷ ಕಾದು ಸ್ಕೂಟರ್ ತಗೊಂಡಿದ್ದು, ಅದನ್ನ ಅಲ್ಲಿ ನಿಲ್ಸಿ ನಾವು ನಡ್ಕೊಂಡು ಬರೋಕೆ ಅಂತ ನಂಗೆ ಗೊತ್ತಿರ್ಲಿಲ್ಲ."

ವಿಚಾರಣೆ

ಭಾನುವಾರ ಅಂಗಡಿಯ ಮಹಡಿಯಲ್ಲಿದ್ದ ಯಜಮಾನರ ಕೋಣೆಗೆ ಕಾಲಿಟ್ಟಾಗ, ಹನ್ನೆರಡೂವರೆ ಕಳೆದರೆ, ಗಂಟೆ ಹತ್ತು ಐವತ್ತೇಳೂವರೆ. ಎರಡೂವರೆ ನಿಮಿಷ ಮೊದಲೇ ಬಂದಿದ್ದಕ್ಕೆ ನನಗೆ ಸಮಾಧಾನವಾಗಿತ್ತು.

ಯಜಮಾನರು ಎದ್ದು ಹೊರಡುವುದರಲ್ಲಿದ್ದರು. ಮುದುಕರು ಗೋಡೆಗೆ ಒರಗಿ ನಿಂತಿದ್ದರು, ಒಗೆದ ಅಂಗಿ ತೊಟ್ಟು.

"ಲೇಟು" ಎಂದರು ಯಜಮಾನರು. "ನಾನು ಆಗಲೇ ಕೇಸ್ ಮುಗೀತು ಅಂದೆ. ಇವನೇ ಬಿಡ್ಲಿಲ್ಲ. ಇನ್ನೊಂದು ಹತ್ತು ನಿಮಿಷ ನೋಡಿ, ಆ ಸಾಬ್ ಲೇಟಾಗಿ ಬರೋ ಜನ ಅಲ್ಲ, ದಾರೀಲಿ ಏನೋ ಆಗಿರ್ಬೇಕು, ನಾನು ಹೋಗಿ ನೋಡ್ಕೊಂಡ್ ಬರ್ಲಾ ಅಂತ ಎರಡು ಸಲ ಕೇಳ್ದ."

ಗೋಡೆಯ ಗಡಿಯಾರ ಹನ್ನೊಂದು ಹತ್ತು ತೋರಿಸುತ್ತಿತ್ತು. ನಾನು ವಿನಯದಿಂದಲೇ, ನಿಮ್ಮ ಗಡಿಯಾರ ಹನ್ನೆರಡೂವರೆ ನಿಮಿಷ ಮುಂದಿದೆ ಎಂದೆ. ಯಜಮಾನರು ತಮ್ಮ ಕೈ ನೋಡಿಕೊಂಡರು. ಲೆಕ್ಕ ಬರೆಯುವವರನ್ನು ಕರೆದು ಕೇಳಿದರು. ಎಲ್ಲೆಲ್ಲೂ ಹನ್ನೊಂದು ಹತ್ತು. ಇವರೂ ಸೇರಿಕೊಂಡಿದ್ದಾರೆಯೇ ಎಂಬ ಸಂಶಯ ಒಂದು ಗಳಿಗೆ ನನ್ನ ತಲೆಗೆ ಬಂದದ್ದನ್ನು ಮುಚ್ಚಿಡುವುದಿಲ್ಲ.

"ನಿಮ್ಮ ವಾಚ್ ಕೊಡಿ ಇಲ್ಲಿ" ಎಂದರು.

ಬಿಚ್ಚಿ ಕೊಟ್ಟೆ. ಬೆಳಕಿಗೆ ಹಿಡಿದು ನೋಡಿದರು. "ಇದರಲ್ಲೂ ಹನ್ನೊಂದು ಹತ್ತೇ ಇದೆ. ವಾಚ್ ಸರಿಯಾಗಿದೆಯಲ್ರೀ."

ಅದು ಹೇಗೆ ಸರಿಯಾಗಿಲ್ಲ ಎಂದು ವಿವರಿಸಿದೆ. ಚೀಟಿ ತೋರಿಸಿದೆ. ಯಜಮಾನರು ಚೀಟಿ ಓದಿದರು, ವಾಚು ನೋಡಿದರು, ನನ್ನನ್ನು ನೋಡಿದರು. ಆಗ ನನ್ನ ಹಿಂದಿನಿಂದ ಹೆಂಡತಿಯ ದನಿ ಕೇಳಿತು.

"ನಿನ್ನೆ ಮಧ್ಯಾಹ್ನ ನೀವು ಮಲಗಿದ್ರಲ್ಲ, ಆಗ ರೇಡಿಯೋದಲ್ಲಿ ಟೈಮ್ ಹೇಳಿದ್ರು. ಶುಭಕಾರ್ಯದ ಸೀರೆಗೆ ಹೊರಟಿದ್ದೀವಿ, ಅವತ್ತೊಂದು ದಿನನಾದ್ರೂ ಸರಿಯಾಗಿರ್ಲಿ ಅಂತ ನಾನೇ ತಿರುಗಿಸಿಟ್ಟೆ. ಅದರ ಮೇಲೂ ನೀವು ಚೀಟಿ ನೋಡಿ ಕಳೆದಿದ್ದೀರಿ ಅಂತ ಈಗ್ಲೇ ಗೊತ್ತಾಗಿದ್ದು."

ಯಜಮಾನರು ಒಂದು ಕಾಗದ ಎಳೆದುಕೊಂಡು ಬರೆಯುತ್ತಾ ಕೇಳಿದರು.

"ಹಾಗಾದ್ರೆ ನಿನ್ನೆ ನೀವು ಬಂದಿದ್ದು ನಿಜವಾಗಿ ನಾಲ್ಕು ಐದಕ್ಕೆ. ತೆಗೆಯೋಕೆ ಬಂದಿದ್ದು ಆರು ಎರಡಕ್ಕೆ. ಎರಡು ಗಂಟೆ ಆಗಿರ್ಲಿಲ್ಲ. ನಿಮ್ಮ ಪಾಯಿಂಟ್ ಸರಿ."

"ಸರಿ" ಎಂದೆ.

"ಸೀಟಿನ ಮೇಲೆ ಮೂರು ಐವತ್ಮೂರು ಅಂತ ಬರೆಸಿದ್ದು ಯಾರು?"

"ನಾನು."

"ಅಂದ್ರೆ ಸುಳ್ಳು ಟೈಮ್ ಕೊಟ್ಟಿದ್ದು?"

"ನಾನೇ."

ಯಜಮಾನರು ವಾಚನ್ನು ಮುದುಕರ ಕಡೆ ನೀಡಿ, ಹಿಂದಕ್ಕೆ ಕೊಡುವಂತೆ ಸನ್ನೆ ಮಾಡಿದರು. "ಇನ್ನೇನಿಲ್ಲ. ವಾಚ್ ಕರೆಕ್ಟಾಗಿದೆ. ಸಾಹೇಬ್ರು ಹನ್ನೆರಡೂವರೆ ನಿಮಿಷ ಹಿಂದಿದ್ದಾರೆ."

ಸಾಕ್ಷಿಯ ಬಾಡಿಗೆ

ತಪ್ಪಾದ ಮೇಲೆ ಕ್ಷಮೆ ಕೇಳುವುದೂ ನಿಯಮವೇ. ಹೆಂಡತಿ, ಯಜಮಾನರು, ಲೆಕ್ಕ ಬರೆಯುವವರು ಎಲ್ಲರ ಎದುರಿಗೂ ನಾನು ಮುದುಕರಿಗೆ ಕೈಮುಗಿದು, "ನಿಮ್ಮ ಮೇಲೆ ಸುಳ್ಳು ದೂರು ಕೊಟ್ಟೆ, ತಪ್ಪಾಯಿತು" ಎಂದೆ. ಹಿಂದಿನ ದಿನ ಅವರನ್ನು ಏಕವಚನದಲ್ಲಿ ಮಾತಾಡಿಸಿದ್ದು ಆಗ ನೆನಪಾಗಿ ಇನ್ನಷ್ಟು ನಾಚಿಕೆಯಾಯಿತು. ಅವರು ನನ್ನ ಕೈಗಳನ್ನು ಹಿಡಿದು ಕೆಳಗಿಳಿಸಿ, ಬಿಡಿ ಸಾಬ್, ಸ್ಟ್ಯಾಂಡ್ ಉಳೀತಲ್ಲ ಅಷ್ಟು ಸಾಕು ಎಂದರು.

ಕೆಳಗೆ ಹೋದರೆ ನನ್ನ ಸ್ಕೂಟರನ್ನು ಬಿಸಿಲು ಬೀಳದ ಹಾಗೆ ತಗಡಿನ ಕೆಳಗೆ ನಿಲ್ಲಿಸಿ, ಗೋಣಿ ಹೊದಿಸಿ, ಸೀಟಿನ ಬರಹ ಅಳಿಯದಂತೆ ಮೇಲೆ ಒಂದು ತಟ್ಟೆ ಕವುಚಿಟ್ಟಿದ್ದರು. ನಿನ್ನೆ ನಾಲ್ಕು ಐದರಿಂದ ಇಂದಿನ ತನಕ ಎರಡೆರಡು ಗಂಟೆಯಂತೆ ಹತ್ತು ಸಲದ ಚಾರ್ಜ್ ಆಗಿತ್ತು. ನಿನ್ನೆಯ ನಾಲ್ಕಾಣೆ ಬಿಟ್ಟು ಉಳಿದ ಎರಡೂಕಾಲು ರೂಪಾಯಿ ಎಣಿಸಿ ಕೊಟ್ಟೆ. ನಿನ್ನೆಯದೇ ಸಾಕೆಂದು ಅವರು ಅಷ್ಟನ್ನೂ ವಾಪಸು ನೀಡಿದರು. ನಾನು ಒಪ್ಪಲಿಲ್ಲ. ಹಲಗೆಯಲ್ಲಿರುವ ನಿಯಮ ಎಲ್ಲರಿಗೂ ಒಂದೇ ಎಂದೆ. ಅವರು ತೆಗೆದುಕೊಳ್ಳುವುದಿಲ್ಲ ಎಂದರು. ಹಿಂದಿನ ಸಂಜೆ ಜಗಳ ನೋಡಿದ್ದ ಹೂವಿನವಳ ಗಂಡ ಮತ್ತೆ ಬಂದು ನಿಂತ. ಹೆಚ್ಚು ಕೊಡುತ್ತೇನೆಂದು ನಾನು, ಬೇಡವೆಂದು ಅವರು. ಅವನಿಗೆ ತಲೆಬುಡ ಅರ್ಥವಾಗಲಿಲ್ಲ.

ಕೊನೆಗೆ ಮುದುಕರೇ ವಾದ ಮುಗಿಸಿದರು. "ನಿನ್ನೆ ಸಂಜೆಯಿಂದ ಇದು ಗಾಡಿ ಅಲ್ಲ ಸಾಬ್, ಸಾಕ್ಷಿ. ನೀವೇ ಹೇಳಿದ್ರಿ. ಹಲಗೆ ಮೇಲೆ ಸಾಕ್ಷಿಗೆ ರೇಟ್ ಬರ್ದಿಲ್ಲ."

ಹಲಗೆಯನ್ನು ಓದಿ ನೋಡಿದೆ. ಬರೆದಿರಲಿಲ್ಲ.

ಮುಂದಿನ ತಿಂಗಳು

ಒಂದನೇ ತಾರೀಕು ಕಳೆದು ಹತ್ತನೆಯ ದಿನ ಮತ್ತೆ ಅದೇ ಸ್ಟ್ಯಾಂಡಿಗೆ ಹೋದೆವು, ರವಿಕೆ ಬಟ್ಟೆಗೆ. ವಾಚನ್ನು ಈ ಸಲ ಯಾರೂ ಮುಟ್ಟಿರಲಿಲ್ಲ. ಮುಟ್ಟಿಲ್ಲವೆಂದು ಹೆಂಡತಿಯಿಂದ ಎರಡು ಸಲ ಹೇಳಿಸಿಕೊಂಡೇ ಹೊರಟಿದ್ದೆ. ಚೀಟಿಯ ಪ್ರಕಾರ ಐದು ನಿಮಿಷ ಕಳೆಯಬೇಕಿತ್ತು. ಮುದುಕರು ಕಿವಿಯ ಮೇಲಿನ ಸೀಮೆಸುಣ್ಣ ತೆಗೆದುಕೊಂಡು ಸೀಟಿನ ಹತ್ತಿರ ಬಂದರು. ನಾನು ಜೇಬಿನಿಂದ ಚೀಟಿ ತೆಗೆದು, ಹೇಳಲು ಬಾಯಿ ತೆರೆದೆ.

ಅವರು ಬಹಳ ಮರ್ಯಾದೆಯಿಂದ ನನ್ನನ್ನು ತಡೆದರು.

"ನೀವು ಹೇಳೋದು ಬೇಡ ಸಾಬ್. ಕೈ ತೋರ್ಸಿ, ಸಾಕು."