ರಾಕ್ಷಸಿಗೆ ಶಿಷ್ಯನಾದ ನನ್ನ ಸೋದರಮಾವ

ನಮ್ಮ ಮನೆಯಲ್ಲಿ ಡಿಗ್ರಿ ಅನ್ನುವುದು ಆಗದ ಮಾತು ಎಂದು ಮೊದಲು ಹೇಳಿದವನು ನನ್ನ ಸೋದರಮಾವ. ಎರಡನೆಯ ಸಲ ಹೇಳಿದವನೂ ಅವನೇ. ಮೂರನೆಯ, ನಾಲ್ಕನೆಯ, ಹತ್ತನೆಯ ಸಲ ಹೇಳಿದವರು ಯಾರು ಎಂದು ನೀವು ಕೇಳಬೇಕಾಗಿಲ್ಲ. ಬೇರೆಯವರಿಗೆ ಇಂಥ ಮಾತು ಹೇಳಲು ಹೊಟ್ಟೆಕಿಚ್ಚಿನ ನೆಂಟರು, ಎದುರುಮನೆಯವರು ಇರುತ್ತಾರೆ. ನಮಗೆ ಆ ಅನುಕೂಲ ಇರಲಿಲ್ಲ. ಊರಿನವರೆಲ್ಲರ ಪರವಾಗಿಯೂ ಮಾವನೊಬ್ಬನೇ ಹೇಳಬೇಕಾಗಿತ್ತು, ಪಾಪ!

ವಿಚಿತ್ರವೆಂದರೆ, ಕಾಲೇಜಿನ ಅರ್ಜಿ ಫಾರಂ ತಂದುಕೊಟ್ಟವನೂ ಅವನೇ.

"ತಗೋ, ತುಂಬು."

"ಆಗಲ್ಲ ಅಂತೀಯಲ್ಲ ಮಾವ?"

"ಆಗಲ್ಲ. ಆದ್ರೂ ತುಂಬು."

ಮಾವ ನನ್ನ ಅಮ್ಮನ ಅಣ್ಣ, ಅವಳಿಗಿಂತ ಹತ್ತು ವರ್ಷ ದೊಡ್ಡವನು, ಮದುವೆಯ ಗೋಜಿಗೆ ಹೋಗದವನು. ಗಾಂಧಿ ಬಜಾರಿನ ಹಿಂದಿನ ಕ್ರಾಸಿನಲ್ಲಿ ಹೊಂಗೆಮರದ ಕೆಳಗೆ ಅವನ ಇಸ್ತ್ರಿ ಗಾಡಿ. ಅಪ್ಪ ನನ್ನ ನೆನಪಿಗೂ ಮುಂಚೆ ತೀರಿಹೋದ. ಅಮ್ಮ ಬೆಳಗಾಗುತ್ತಲೇ ಹಾಸ್ಟೆಲೊಂದಕ್ಕೆ ಅಡುಗೆ ಮಾಡಲು ಹೊರಡುತ್ತಿದ್ದಳು. ಹಾಗಾಗಿ ನಾನು ಬೆಳೆದದ್ದು ಆ ಗಾಡಿಯ ಪಕ್ಕದಲ್ಲಿ, ಬೇರೆಯವರ ಬಟ್ಟೆಗಂಟುಗಳ ಮೇಲೆ. ಅದಕ್ಕೆ ಸಾಕ್ಷಿಯಾಗಿ ನನ್ನ ಎಡಗೈ ಮೇಲೆ ಇಸ್ತ್ರಿಪೆಟ್ಟಿಗೆಯ ಮೂತಿಯ ಆಕಾರದ ಸುಟ್ಟ ಕಲೆ ಇದೆ. ಮೂರು ವರ್ಷದವಳಿದ್ದಾಗ ತುಂಟತನ ಮಾಡಿ ನಾನೇ ಪೆಟ್ಟಿಗೆಯನ್ನು ಎಳೆದುಕೊಂಡೆ ಎಂಬುದು ನಮ್ಮ ಮನೆಯ ಇತಿಹಾಸ.

ಮಾವ ಯಾರನ್ನೂ ನಂಬುವವನಲ್ಲ. ಬಟ್ಟೆಯನ್ನು ಮೂರು ಸಲ ಎಣಿಸುತ್ತಾನೆ, ಮಡಚಿದ ಮೇಲೆ ಇನ್ನೊಂದು ಸಲ. ಪೆಟ್ಟಿಗೆ ಕಾದಿದೆಯೇ ಎಂದು ಎಂಜಲು ಬೆರಳಿನಲ್ಲಿ ಮುಟ್ಟಿ 'ಚುಂಯ್' ಎನಿಸುತ್ತಾನೆ, ಆ 'ಚುಂಯ್' ಅನ್ನೂ ನಂಬದೆ ಇನ್ನೊಂದು ಸಲ ಮುಟ್ಟುತ್ತಾನೆ! ಯಾವ ಬಟ್ಟೆ ಯಾವ ಮನೆಯದು ಎಂದು ತಿಳಿಯಲು ಕಾಲರಿನ ಒಳಗೆ ಬಣ್ಣದ ದಾರದಲ್ಲಿ ಒಂದೊಂದು ಗುರುತು ಹೊಲಿಯುವುದು ಅವನ ಪದ್ಧತಿ. ನಾನು ಕಾಲೇಜಿಗೆ ಹೊರಟ ಮೊದಲ ದಿನ ನೋಡುತ್ತೇನೆ, ನನ್ನ ಚೂಡಿದಾರದ ಕತ್ತಿನ ಒಳಗೆ ಕೆಂಪು ದಾರದ ಗುರುತು!

"ಇದ್ಯಾಕೆ ಮಾವ? ಚೂಡಿದಾರ ಎಲ್ಲಿ ಕಳೆದುಹೋಗುತ್ತೆ?"

"ಚೂಡಿದಾರಕ್ಕಲ್ಲ. ನೀನು ಕಳ್ದೋದ್ರೆ?"

ಕಾಲೇಜು ಚಾಮರಾಜಪೇಟೆಯಲ್ಲಿ, ನಡೆದೇ ಹೋಗಬಹುದಾದಷ್ಟು ದೂರ. ದಿನವೂ ಹತ್ತು ಹೆಜ್ಜೆ ಹಿಂದೆ ಮಾವ. ನಾನು ನಿಂತರೆ ಅವನೂ ನಿಂತು, ಹೂವಿನ ಅಂಗಡಿಯಲ್ಲಿ ಸೇವಂತಿಗೆ ವಿಚಾರಿಸುತ್ತಿದ್ದ. ಮುಡಿಯುವವರು ಯಾರೆಂದು ಹೂವಿನವಳು ಒಂದು ದಿನ ಕೇಳಿಯೇಬಿಟ್ಟಳು. ನನಗೆ ರೇಗಿ, "ಯಾಕೆ ನನ್ನ ಹಿಂದೆ ಬರ್ತೀಯಾ?" ಎಂದು ತಿರುಗಿ ಕೇಳಿದರೆ ಅವನ ಉತ್ತರ ಸಿದ್ಧವಾಗಿತ್ತು.

"ನಾನೆಲ್ಲಿ ಹಿಂದೆ ಬರ್ತಿದೀನಿ? ನೀನೇ ನನ್ನ ಮುಂದೆ ಹೋಗ್ತಿದೀಯ."

ಇಂಥವನ ಕೈಗೆ ಸ್ಮಾರ್ಟ್‌ಫೋನ್ ಬಂತು. ಬಟ್ಟೆಯ ರಾಶಿಗೆ ಫೋನು ಒರಗಿಸಿಟ್ಟು ಹರಿಕಥೆ ಕೇಳುತ್ತಾ ಇಸ್ತ್ರಿ ಮಾಡುತ್ತಿದ್ದ. ಒಂದು ದಿನ ಹರಿಕಥೆ ಮುಗಿದದ್ದೇ ತಡ, ಯಾರೂ ಕರೆಯದೆ ಒಬ್ಬಳು ರಾಕ್ಷಸಿ ಬಂದಳು. ಕನ್ನಡದಲ್ಲೇ ಮಾತಾಡುವ ಕಾರ್ಟೂನ್ ಧಾರಾವಾಹಿ. ನಿಲ್ಲಿಸುವುದು ಹೇಗೆಂದು ಮಾವನಿಗೆ ಗೊತ್ತಿರಲಿಲ್ಲ, ನೋಡಿದ. ಆಮೇಲೆ ನಿಲ್ಲಿಸುವುದು ಗೊತ್ತಾಯಿತು, ಆದರೂ ನೋಡಿದ.

ಕಥೆ ಇಷ್ಟು. ಬೆಟ್ಟದ ಮೇಲೊಬ್ಬಳು ಮೂರು ಕಣ್ಣಿನ ರಾಕ್ಷಸಿ. ಅವಳಿಗೆ ಬುಟ್ಟಿಯಲ್ಲಿ ಒಂದು ಮನುಷ್ಯರ ಹೆಣ್ಣುಮಗು ಸಿಗುತ್ತದೆ, ತಿನ್ನುವ ಬದಲು ಸಾಕುತ್ತಾಳೆ. ಮಲಗುವಾಗಲೂ ಎರಡು ಕಣ್ಣು ಮುಚ್ಚಿ ಮೂರನೆಯದನ್ನು ಮಗುವಿನ ಮೇಲೆ ಇಟ್ಟಿರುತ್ತಾಳೆ. ಮಗು ದೊಡ್ಡದಾಗುತ್ತದೆ. ಅದಕ್ಕೆ ಕಣಿವೆಯಾಚೆಯ ಊರಿಗೆ ಹೋಗಿ ದೀಪ ಹಚ್ಚುವ ವಿದ್ಯೆ ಕಲಿಯುವ ಆಸೆ. ಆದರೆ ಕಣಿವೆಗೆ ಇರುವುದು ಮಂಜಿನ ಸೇತುವೆ. ಸಾಕಿದವರು ನೋಡುತ್ತಾ ನಿಂತರೆ ಅದು ಕರಗಿಹೋಗುತ್ತದೆ! ರಾಕ್ಷಸಿ ನೋಡದೆ ಇರಲಾರಳು. ಹುಡುಗಿ ನಾಲ್ಕು ಹೆಜ್ಜೆ ಇಡುತ್ತಾಳೆ, ಬೀಳುತ್ತಾಳೆ, ಹತ್ತಿ ಬರುತ್ತಾಳೆ. ಮತ್ತೆ ಅದೇ.

"ಯಾವ ಕಂಟ್ರಾಕ್ಟರ್ ಕಟ್ಟಿದ್ನೋ!" ಎಂದು ಮಾವ ಸೇತುವೆಗೇ ಬೈಯುತ್ತಿದ್ದ. ರಾಕ್ಷಸಿಯನ್ನು ಮಾತ್ರ ಒಂದು ದಿನವೂ ಬೈದವನಲ್ಲ.

"ಸಾಕೋದು ಅಂದ್ರೆ ಹಿಂಗೆ ಸಾಕ್ಬೇಕು. ನಂಗೂ ಮೂರನೇ ಕಣ್ಣೊಂದು ಇದ್ದಿದ್ರೆ ಇಸ್ತ್ರಿನೂ ಮಾಡ್ತಿದ್ದೆ, ನಿನ್ನೂ ನೋಡ್ಕೊಳ್ತಿದ್ದೆ."

ಅವನ ಹಳೆಯ ಗಿರಾಕಿ, ನಿವೃತ್ತ ಟೀಚರಮ್ಮ, "ಈ ವಯಸ್ಸಲ್ಲಿ ಕಾರ್ಟೂನ್ ನೋಡ್ತೀಯೇನಪ್ಪ?" ಎಂದು ನಕ್ಕರೆ, "ಇದು ಕಾರ್ಟೂನ್ ಅಲ್ಲ ಅಮ್ಮಾವ್ರೇ, ಸಂಸಾರ" ಎಂದ. ಅದಾಗಿ ವಾರಕ್ಕೆ ಅವರ ಯಜಮಾನರ ಜರಿಯಂಚಿನ ಪಂಚೆಯನ್ನು ಸುಟ್ಟ. ಮೂವತ್ತು ವರ್ಷದಲ್ಲಿ ಒಂದು ಕರವಸ್ತ್ರವನ್ನೂ ಸುಡದವನು!

"ಏನಪ್ಪಾ ಇದು?"

"ತಪ್ಪಾಯ್ತು ಅಮ್ಮಾವ್ರೇ. ಮಗು ಮಾತು ಬಿಟ್ಬಿಡ್ತು, ಕೈ ಅಲ್ಲೇ ನಿಂತೋಯ್ತು."

"ಅಯ್ಯೋ ದೇವರೇ, ಯಾರ ಮಗು?"

"ರಾಕ್ಷಸೀದು."

ನೀವು ನಗುತ್ತಿರಬಹುದು. ನನಗೆ ಆಗ ನಗು ಬರುತ್ತಿರಲಿಲ್ಲ. ಏಕೆಂದರೆ ಅದೇ ಕಾಲಕ್ಕೆ ನಾನು ಒಂದೇ ಒಂದು ಪೇಪರಿನಲ್ಲಿ ಪದೇಪದೇ ಫೇಲಾಗುತ್ತಿದ್ದೆ. ಸ್ಟ್ಯಾಟಿಸ್ಟಿಕ್ಸ್. ಉಳಿದ ಎಲ್ಲವೂ ಪಾಸು, ಅದೊಂದು ಗಂಟಲಲ್ಲಿ ಸಿಕ್ಕಿಕೊಂಡಿತ್ತು. ಓದಿರಲಿಲ್ಲವೇ? ಓದಿದ್ದೆ. ಬಟ್ಟೆಗೆ ನೀರು ಚಿಮುಕಿಸುತ್ತಾ ಸೂತ್ರಗಳನ್ನು ಬಾಯಿಪಾಠ ಮಾಡಿದ್ದೆ. ಆದರೆ ಪರೀಕ್ಷೆಯ ಕೋಣೆ ನೆಲಮಹಡಿಯದು, ಕಿಟಕಿ ಗೇಟಿನ ಕಡೆಗಿತ್ತು. ಮೊದಲ ಸಲ ತಲೆಯೆತ್ತಿ ನೋಡುತ್ತೇನೆ, ಗೇಟಿನ ಸರಳುಗಳ ಮಧ್ಯೆ ಮಾವನ ಮುಖ! 'ಬರಿ ಬರಿ' ಎಂದು ಕೈಸನ್ನೆ. ನಾನು ಪೆನ್ನು ಎತ್ತಿದರೆ ಅವನ ಹುಬ್ಬು ಏರುತ್ತದೆ, ನಿಲ್ಲಿಸಿದರೆ ಬಾಯಿ ತೆರೆಯುತ್ತದೆ. ಕಲಿತದ್ದೆಲ್ಲ ಅಲ್ಲೇ ಕರಗಿತು.

ಎರಡನೆಯ ಸಲ ಕಿಟಕಿಯ ಕಡೆ ನೋಡಬಾರದೆಂದು ಶಪಥ ಮಾಡಿ ಕೂತೆ. ಅರ್ಧ ಗಂಟೆಗೆ ಮೇಲ್ವಿಚಾರಕರು ನನ್ನ ಮುಂದೆ ಬಂದು ನಿಂತರು, ಕೈಯಲ್ಲಿ ಎರಡು ಏಲಕ್ಕಿ ಬಾಳೆಹಣ್ಣು.

"ಹೊರಗಡೆ ಒಬ್ರು ಕೊಟ್ರಮ್ಮ. ತಿಂದ್ಕೊಂಡು ಬರೀಬೇಕಂತೆ. ಕೊಡದೆ ಇದ್ರೆ ಹೋಗಲ್ಲ ಅಂತಾರೆ."

ಇಡೀ ಕೋಣೆ ನಕ್ಕಿತು. ನಾನು ತಿನ್ನಲಿಲ್ಲ, ಬರೆಯಲೂ ಇಲ್ಲ. ಮೂರನೆಯ ಸಲ ಅವನ ಕೈಹಿಡಿದು ಬೇಡಿಕೊಂಡೆ, "ಬರ್ಬೇಡ ಮಾವ." ಬರುವುದಿಲ್ಲ ಎಂದು ಹೊಂಗೆಮರದ ಮೇಲೆ ಆಣೆ ಮಾಡಿದ. ಪರೀಕ್ಷೆಯ ಮಧ್ಯೆ ಕಣ್ಣು ಹಾಯಿಸಿದರೆ, ಗೇಟಿನಾಚೆ ನಿಂತಿದ್ದ ಆಟೋದ ಹಿಂದಿನಿಂದ ಅವನ ತಲೆ ಆಮೆಯ ತಲೆಯಂತೆ ಬರುವುದು, ಹೋಗುವುದು, ಬರುವುದು!

ಫಲಿತಾಂಶ ಬಂದ ದಿನಗಳಲ್ಲಿ ಅಮ್ಮ ಏನನ್ನೂ ಕೇಳುತ್ತಿರಲಿಲ್ಲ. ನನ್ನ ಮುಖ ನೋಡಿ ತಟ್ಟೆಗೆ ಇನ್ನೊಂದು ಮುದ್ದೆ ಹಾಕುತ್ತಿದ್ದಳು. ಆ ಎರಡನೆಯ ಮುದ್ದೆಯೇ ನಮ್ಮ ಮನೆಯ ಮಾರ್ಕ್ಸ್‌ಕಾರ್ಡು. ನನ್ನ ಜೊತೆ ಓದಿದವರು ಕೆಲಸಕ್ಕೆ ಸೇರಿ, ತಮ್ಮ ಬಟ್ಟೆಗಳನ್ನು ನಮ್ಮ ಗಾಡಿಗೇ ಇಸ್ತ್ರಿಗೆ ತಂದುಕೊಡತೊಡಗಿದರು. ಅವರು ಬರುವುದು ಕಂಡರೆ ನಾನು ಗಾಡಿಯ ಹಿಂದೆ ಕೂತು ಬೂದಿ ಕೆದಕುತ್ತಿದ್ದೆ. ಹೆಬ್ಬೆಟ್ಟು ಒತ್ತುವ ಅಮ್ಮ, ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ಮಾವ. ಇವರ ನಡುವಿನಿಂದ ಹೊರಟವಳು ಎಷ್ಟು ದೂರ ಹೋಗಬಲ್ಲಳೋ ಅಷ್ಟು ಬಂದಾಯಿತು, ಇನ್ನು ಇಲ್ಲೇ ಎಂದು ಮನಸ್ಸು ಒಪ್ಪಿಕೊಂಡುಬಿಟ್ಟಿತ್ತು. ಕಾಲೇಜಿನ ಕ್ಲರ್ಕು, "ಇನ್ನೊಂದೇ ಸಲ ಬರೀಬಹುದಮ್ಮ. ಆಮೇಲೆ ಹೊಸದಾಗಿ ಸೇರ್ಕೋಬೇಕಾಗುತ್ತೆ" ಎಂದಿದ್ದರು. ಹೊಸದಾಗಿ ಸೇರುವುದೆಂದರೆ ಸೇರದೇ ಇರುವುದು ಎಂದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

"ನಾನು ಆಗಲ್ಲ ಅಂತ ಹೇಳಿರ್ಲಿಲ್ವಾ?" ಎಂದ ಮಾವ. ಆ ದಿನ ಅವನ ದನಿಯಲ್ಲಿ ಗೆದ್ದವನ ಗತ್ತು ಇರಲಿಲ್ಲ.

ಆ ಕೊನೆಯ ಪರೀಕ್ಷೆಗೆ ಹತ್ತು ದಿನ ಇರುವಾಗ ಫೋನಿನಲ್ಲಿ ರಾಕ್ಷಸಿಯ ಕೊನೆಯ ಕಂತು ಬಂತು. ಹುಡುಗಿ ಸೇತುವೆಯ ಮೇಲೆ ಕಾಲಿಟ್ಟಳು. ರಾಕ್ಷಸಿ ಒಂದು ಕಣ್ಣು ಮುಚ್ಚಿದಳು, ಎರಡನೆಯದು ಮುಚ್ಚಿದಳು, ತುಂಬಾ ಹೊತ್ತಿನ ಮೇಲೆ ಮೂರನೆಯದನ್ನೂ ಮುಚ್ಚಿ ಬೆನ್ನು ತಿರುಗಿಸಿ ನಿಂತಳು. ಹುಡುಗಿ ದಾಟಿದಳು. ಮಾವ ಫೋನನ್ನು ಮಕಾಡೆ ಮಲಗಿಸಿಬಿಟ್ಟ.

"ಥೂ, ಎಂಥ ತಾಯಿ ಇವ್ಳು! ಬೆನ್ನು ತಿರುಗಿಸ್ಬಿಟ್ಟಳಲ್ಲ!"

"ನೋಡ್ತಾ ಇದ್ರೆ ಸೇತುವೆ ಕರಗುತ್ತೆ ಮಾವ."

"ನೋಡ್ದೇ ಇದ್ರೆ ಮಗು ಬೀಳುತ್ತೆ."

"ಬೀಳ್ಲಿಲ್ಲ. ದಾಟ್ತು."

"ಕತೇಲಿ ದಾಟುತ್ತೆ ಕಣಮ್ಮ."

ನನ್ನೊಳಗೆ ಇಷ್ಟು ದಿನ ಕಟ್ಟಿಕೊಂಡಿದ್ದದ್ದು ಒಡೆಯಿತು. ರಸ್ತೆ ಎಂದೂ ನೋಡದೆ ಕೂಗಾಡಿದೆ. "ನಾನು ಮೂರು ಸಲ ಬಿದ್ದೆನಲ್ಲ, ಮೂರು ಸಲನೂ ನೀನು ನೋಡ್ತಾನೇ ಇದ್ದೆ! ಹಿಡ್ಕೊಂಡ್ಯಾ? ನನ್ ಮೇಲೆ ಒಂಚೂರೂ ನಂಬಿಕೆ ಇಲ್ಲ ನಿಂಗೆ. ಹುಟ್ಟಿದಾಗಿಂದ ಇಲ್ಲ!"

ಮಾವ ಪೆಟ್ಟಿಗೆಯನ್ನು ಗಾಡಿಯ ಅಂಚಿನಿಂದ ದೂರ, ನಟ್ಟನಡುವೆ ಸರಿಸಿಟ್ಟ. ಅವನು ಯಾವಾಗಲೂ ಇಡುವುದು ಹಾಗೇ. ಯಾಕೆಂದು ನಾನು ಯಾವತ್ತೂ ಕೇಳಿರಲಿಲ್ಲ. ನನ್ನ ಎಡಗೈ ಹಿಡಿದು ಆ ಕಲೆಯ ಮೇಲೆ ಬೆರಳಿಟ್ಟ.

"ಇದು ನೀನು ಎಳ್ಕೊಂಡಿದ್ದಲ್ಲ. ನಿಮ್ಮಮ್ಮಂಗೆ ಹಂಗೆ ಹೇಳಿದ್ದೆ, ಅಷ್ಟೇ. ಪೆಟ್ಟಿಗೆ ಅಂಚಲ್ಲಿ ಇಟ್ಟಿದ್ದೆ. ರೇಷ್ಮೆ ಸೀರೆ ಮಡಚ್ಬೇಕಿತ್ತು, ಬೆನ್ನು ತಿರುಗಿಸ್ದೆ. ಒಂದೇ ಒಂದ್ಸಲ."

ಹೊಂಗೆಯ ಹೂವು ಗಾಡಿಯ ಮೇಲೆ ಉದುರುತ್ತಿತ್ತು. ಅವನು ಅದನ್ನು ಗುಡಿಸಲಿಲ್ಲ.

"ನಿನ್ ಮೇಲೆ ನಂಬಿಕೆ ಇಲ್ಲ ಅಂತ ಯಾರ್ ಹೇಳಿದ್ರು ಮಗಾ? ನಂಬಿಕೆ ಇಲ್ದೇ ಇರೋದು ನನ್ ಬೆನ್ನಿನ ಮೇಲೆ."

ಸಂಜೆಯವರೆಗೆ ಇಬ್ಬರೂ ಬಟ್ಟೆ ಮಡಚಿದೆವು. ಆ ಹತ್ತು ದಿನ ಮಾವ ಡಿಗ್ರಿ ಆಗಲ್ಲ ಎಂದು ಒಂದು ಸಲವೂ ಹೇಳಲಿಲ್ಲ. ನನಗೆ ಅದರಿಂದಲೇ ಹೆಚ್ಚು ಭಯವಾಯಿತು!

ಪರೀಕ್ಷೆಯ ದಿನ ಎಂದಿನಂತೆ ಹತ್ತು ಹೆಜ್ಜೆ ಹಿಂದೆ ಬಂದ. ಬರಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ. ಪ್ರಶ್ನೆಪತ್ರಿಕೆ ನೋಡಿದೆ, ತಲೆ ಖಾಲಿ. ಇಷ್ಟೇ ನನ್ನ ಹಣೆಬರಹ ಎಂದುಕೊಂಡು ಕಿಟಕಿಯ ಕಡೆ ನೋಡಿಯೇಬಿಟ್ಟೆ. ಗೇಟಿನಾಚೆ ಮಾವ ನಿಂತಿದ್ದ. ಆದರೆ ಮುಖ ಇರಲಿಲ್ಲ! ಬೆವರಿಗೆ ಒದ್ದೆಯಾದ ಬೆನ್ನು, ಹಿಂದೆ ಕಟ್ಟಿದ ಕೈಗಳು, ಒಂದನ್ನೊಂದು ಬಿಡದಂತೆ ಹಿಡಿದುಕೊಂಡ ಬೆರಳುಗಳು. ರಸ್ತೆಯಾಚೆಯ ಗೋಡೆಗೆ ಮುಖ ಮಾಡಿ ಗೊಂಬೆಯಂತೆ ನಿಂತಿದ್ದ. ಒಂದು ಗಂಟೆ ಕಳೆದ ಮೇಲೆ ನೋಡಿದೆ, ಬೆನ್ನು. ಎರಡು ಗಂಟೆಯ ಮೇಲೂ ಬೆನ್ನೇ. ಆ ಗೋಡೆಯ ಮೇಲೆ 'ಇಲ್ಲಿ ಮೂತ್ರ ಮಾಡಬಾರದು' ಎಂದು ಬರೆದಿತ್ತು. ಕಾಲೇಜಿನ ವಾಚ್‌ಮನ್ ಅನುಮಾನದಿಂದ ಮೂರು ಸಲ ಬಂದು ಬೈದುಹೋದನಂತೆ. ಮಾವ ಆಗಲೂ ಈ ಕಡೆ ತಿರುಗಲಿಲ್ಲವಂತೆ!

ನಾನು ಬರೆದೆ. ಕೈ ನೋಯುವವರೆಗೆ ಬರೆದೆ.

ಪಾಸಾದೆ. ಹೇಳಿಕೊಳ್ಳುವಂಥ ಅಂಕವೇನಲ್ಲ, ಆದರೂ ಎಲ್ಲರಿಗೂ ಹೇಳಿಕೊಳ್ಳುತ್ತೇನೆ. ನಮ್ಮ ಎರಡೂ ಕಡೆಯ ವಂಶದಲ್ಲಿ ಮೊದಲ ಡಿಗ್ರಿ ನನ್ನದು. ಅಂದು ಅಮ್ಮ ಅಭ್ಯಾಸಬಲದಿಂದ ಎರಡನೆಯ ಮುದ್ದೆ ಹಾಕಿಬಿಟ್ಟಳು, ಆಮೇಲೆ ಅತ್ತಳು.

ಪದವಿ ಪ್ರದಾನದ ದಿನ ಬಾಡಿಗೆಯ ಕಪ್ಪು ನಿಲುವಂಗಿಯನ್ನು ಮಾವನೇ ಇಸ್ತ್ರಿ ಮಾಡಿಕೊಟ್ಟ. ವೇದಿಕೆಗೆ ಆರು ಮೆಟ್ಟಿಲು. ಹೆಸರು ಕರೆದರು, ಹತ್ತಿದೆ. ಪ್ರಮಾಣಪತ್ರ ಕೈಗೆ ಬಂದಾಗ ಸಭೆಯ ಕಡೆ ತಿರುಗಿದೆ. ಸಭಾಂಗಣ ತುಂಬ ಮುಖಗಳು, ಎತ್ತಿ ಹಿಡಿದ ಫೋನುಗಳು. ಮೂರನೆಯ ಸಾಲಿನ ನಡುವೆ ಮಾತ್ರ ಒಂದು ತಲೆಯ ಹಿಂಭಾಗ! ಮಾವ ಕುರ್ಚಿಯನ್ನೇ ಹಿಂದುಮುಂದಾಗಿ ತಿರುಗಿಸಿಕೊಂಡು ಕೂತಿದ್ದ. ಹಿಂದಿನ ಸಾಲಿನ ದಂಪತಿ ಮದುವೆಗೆ ಹೆಣ್ಣು ನೋಡಲು ಬಂದವರಂತೆ ಅವನ ಮುಖವನ್ನೇ ನೋಡುತ್ತಾ ಕೂರಬೇಕಾಗಿತ್ತು. ಪಕ್ಕದಲ್ಲಿ ಅಮ್ಮ ಅವನ ತೋಳು ಚಿವುಟುತ್ತಿದ್ದಳು.

ನಾನು ಇಳಿದು ಅವನ ಹಿಂದೆ ಬಂದು ನಿಂತೆ. ಪ್ರಮಾಣಪತ್ರವನ್ನು ಅವನ ಭುಜದ ಮೇಲಿನಿಂದ ಕೈಗೆ ಕೊಟ್ಟೆ. ಎರಡೂ ಅಂಗೈಗಳನ್ನು ಪ್ಯಾಂಟಿಗೆ ಒರೆಸಿಕೊಂಡು ತೆಗೆದುಕೊಂಡ. ಕಣ್ಣು ಬಿಗಿಯಾಗಿ ಮುಚ್ಚಿತ್ತು. ಕಾಗದದ ಅಂಚನ್ನು ಬಟ್ಟೆಯ ಅಂಚಿನಂತೆ ಬೆರಳಿನಿಂದ ಸವರಿ ನೋಡಿದ.

"ದಾಟಿದ್ಯಾ?"

"ದಾಟಿದೆ ಮಾವ."

"ಪೂರ್ತಿ?"

"ಪೂರ್ತಿ."

"ಹಂಗಾದ್ರೆ ಈಗ ತಿರುಗ್ಲಾ, ಮಗಾ?"