ಅಮ್ಮನ ಹಲಗೆಗೆ ನನ್ನ ಗರಗಸ

ನನಗೂ ಕೈಕೆಲಸಕ್ಕೂ ಎಣ್ಣೆ-ಸೀಗೆಕಾಯಿ ಸಂಬಂಧ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿದವನು ನಾನು. ಸನ್ನೆ, ರಾಟೆ, ತಿರುಪು ಎಲ್ಲವನ್ನೂ ಕಪ್ಪುಹಲಗೆಯ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ಬರೆದು, ಬಾಣದ ಗುರುತು ಹಾಕಿ, ಇಲ್ಲಿ ಒತ್ತಿದರೆ ಅಲ್ಲಿ ಏಳುತ್ತದೆ ಎಂದು ಸಾವಿರಾರು ಮಕ್ಕಳಿಗೆ ಹೇಳಿದ್ದೇನೆ. ಆದರೆ ಮನೆಯಲ್ಲಿ ಹೊಸ ಕ್ಯಾಲೆಂಡರಿಗೆ ಮೊಳೆ ಹೊಡೆಯುವುದು ನನ್ನ ಹೆಂಡತಿ ಪದ್ಮ. ನಾನು ಸುತ್ತಿಗೆ ಹಿಡಿದರೆ ಅದು ಮೊಳೆಯನ್ನು ಬಿಟ್ಟು ನನ್ನ ಹೆಬ್ಬೆರಳನ್ನೇ ವಿಚಾರಿಸಿಕೊಳ್ಳುತ್ತದೆ. ಕುಕ್ಕರಿನ ಹಿಡಿಯ ತಿರುಪು ಬಿಗಿ ಮಾಡುತ್ತೇನೆಂದು ಹೋಗಿ ಹಿಡಿಯನ್ನೇ ಕೈಗೆ ತೆಗೆದುಕೊಂಡು ಬಂದ ಪ್ರಸಂಗವೂ ಉಂಟು. ಅಮ್ಮ ನಮ್ಮ ಮನೆಗೆ ಯಾರೇ ಬರಲಿ, ಕಾಫಿ ಕೊಡುವಾಗಲೇ ಹೇಳಿಬಿಡುತ್ತಿದ್ದಳು: "ನಮ್ಮವನಿಗೆ ಬಡಗಿ ಕೆಲಸ ಚೆನ್ನಾಗಿ ಬರತ್ತೆ, ಆದ್ರೆ ಬಾಯಲ್ಲಿ ಮಾತ್ರ."

ಅಂಥ ನಾನು ಈ ಸಲ ದಸರೆಗೆ ಮುಂಚೆ ಹನ್ನೊಂದು ದಿನ ಒದ್ದಾಡಿ ಒಂದು ಗರಗಸ ಮಾಡಿದೆ. ಕೊಂಡದ್ದಲ್ಲ ಸ್ವಾಮಿ, ಮಾಡಿದ್ದು. ಕಾಡಿನಲ್ಲಿ ಸಿಕ್ಕಿಕೊಂಡವರು ಮರದ ಕೊಂಬೆ, ಹಗ್ಗ ಹೊಂಚಿಕೊಂಡು ಮಾಡುತ್ತಾರಲ್ಲ, ಆ ನಮೂನೆಯದು. ಚಾಮರಾಜಪೇಟೆಯಲ್ಲಿ ಕೂತು ಕಾಡಿನ ಗರಗಸ ಯಾಕೆ ಬೇಕಾಯಿತು ಎಂದು ನೀವು ಕೇಳಬಹುದು. ಪದ್ಮಳೂ ಕೇಳಿದಳು, ಎದುರುಮನೆಯವರೂ ಕೇಳಿದರು. ಅವರಿಗೆ ಕೊಟ್ಟ ಉತ್ತರಗಳೆಲ್ಲ ಸುಳ್ಳು. ನಿಮಗೆ ನಿಜ ಹೇಳುತ್ತೇನೆ.

ದಸರೆಗೆ ಗೊಂಬೆ ಕೂರಿಸುವುದು ನಮ್ಮ ಮನೆಯಲ್ಲಿ ಅಮ್ಮನ ಖಾತೆ. ಅವಳು ಮದುವೆಯಾಗಿ ಬಂದಾಗ ತವರಿನವರು ಪಟ್ಟದ ಗೊಂಬೆಗಳ ಜೊತೆಗೆ ಮೆಟ್ಟಿಲು ಕಟ್ಟಲು ಐದು ಹಲಸಿನ ಹಲಗೆಗಳನ್ನೂ ಕೊಟ್ಟಿದ್ದರು. ಟ್ರಂಕು, ಡಬ್ಬ, ಇಟ್ಟಿಗೆಗಳ ಮೇಲೆ ಆ ಹಲಗೆಗಳನ್ನು ಒಂದಕ್ಕಿಂತ ಒಂದು ಎತ್ತರಕ್ಕೆ ಇಟ್ಟು, ಮೇಲೆ ಬಿಳಿ ಪಂಚೆ ಹಾಸಿದರೆ ಐದು ಮೆಟ್ಟಿಲಾಗುತ್ತಿತ್ತು. ಹೋದ ವರ್ಷ ಅಮ್ಮ ಹೋದಳು. ಆ ದಸರೆಗೆ ಹಬ್ಬವಿಲ್ಲ, ಗೊಂಬೆಯಿಲ್ಲ. ವರ್ಷ ಕಳೆಯುವಷ್ಟರಲ್ಲಿ ನನಗೆ ಬುದ್ಧಿ ಬಂದಾಗಿನಿಂದ ಇದ್ದ ಬಾಡಿಗೆ ಮನೆಯನ್ನು ಮಾಲೀಕರ ಮಕ್ಕಳು ಮಾರಿದರು. ಎರಡು ರಸ್ತೆ ಆಚೆ, ಮೊದಲನೇ ಮಹಡಿಯ ಚಿಕ್ಕ ಮನೆಗೆ ಬಂದೆವು. ಹಜಾರದಲ್ಲಿ ಗೊಂಬೆ ಕೂರಿಸಲು ಇರುವುದು ಒಂದೇ ಮೂಲೆ, ಕಿಟಕಿಗೂ ಬಚ್ಚಲಮನೆ ಬಾಗಿಲಿಗೂ ನಡುವೆ. ಹಲಗೆ ಇಟ್ಟು ನೋಡಿದರೆ ಜಾಗಕ್ಕಿಂತ ಸರಿಯಾಗಿ ಒಂದು ಗೇಣು ಹೆಚ್ಚು ಉದ್ದ. ಬಚ್ಚಲಮನೆ ಬಾಗಿಲು ತೆಗೆಯುವ ಹಾಗಿಲ್ಲ. ಒಂಬತ್ತು ದಿನ ಸ್ನಾನವಿಲ್ಲದೆ ನವರಾತ್ರಿ ಮಾಡುವ ಪದ್ಧತಿ ನಮ್ಮ ಮನೆಯಲ್ಲಿ ಇಲ್ಲ.

"ಷಫಿ ಅಂಗಡೀಲಿ ಕೊಡಿ ರೀ, ಎರಡು ನಿಮಿಷದ ಕೆಲಸ," ಎಂದಳು ಪದ್ಮ.

ಷಫಿ ನನ್ನ ಹಳೆಯ ವಿದ್ಯಾರ್ಥಿ. ನಮ್ಮ ಬೀದಿಯ ತುದಿಯಲ್ಲಿ ಮರಗೆಲಸದ ಅಂಗಡಿ ಇಟ್ಟಿದ್ದಾನೆ. ಅವನ ಮೆಷಿನ್ನು ಕಿರ್ ಎಂದರೆ ನಮ್ಮ ಮನೆಯಲ್ಲಿ ಟೀವಿ ಕೇಳಿಸುವುದಿಲ್ಲ. ನನಗೆ ಎಲ್ಲಿತ್ತೋ ಸಿಟ್ಟು, ಬುಸ್ಸೆಂದು ಬಂತು. "ಅಮ್ಮ ಅಷ್ಟು ವರ್ಷ ಅರಿಶಿನ ಕುಂಕುಮ ಇಟ್ಟ ಹಲಗೇನ ಮೆಷಿನ್ನಿಗೆ ಕೊಡೋದಾ? ಏನಂತ ಮಾತಾಡ್ತೀಯ? ನಾನೇ ಕೊಯ್ತೀನಿ!"

"ನೀವಾ?" ಎಂದಳು. ಅಷ್ಟೇ. ಆ ಎರಡಕ್ಷರ ನನಗೆ ನಾಟಿತು. ಆಮೇಲೆ ಅವಳು ಮೆತ್ತಗೆ, "ಏನಾದ್ರೂ ಮಾಡಿ, ಪಾಡ್ಯದ ಹೊತ್ತಿಗೆ ಗೊಂಬೆ ಕೂರಬೇಕು. ಈ ವರ್ಷಾನೂ ತಪ್ಪಿದ್ರೆ ಆಮೇಲೆ ತಪ್ಪೇಹೋಗತ್ತೆ. ಅತ್ತೆ ನನ್ನ ಕೈಲಿ ಬಿಟ್ಟುಹೋಗಿದಾರೆ," ಎಂದಳು. ಅವಳ ದನಿ ಸ್ವಲ್ಪ ಒಡೆಯಿತು. ನಾನು ಪೇಪರು ಓದುವವನಂತೆ ಮಾಡಿದೆ.

ಅಮ್ಮ ಹೋದ ಮೇಲೆ ನನಗೆ ಒಂದು ಚಟ ಹತ್ತಿತ್ತು. ಸೋಫಾದ ಮೂಲೆಯಲ್ಲಿ ಕೂತು ಫೋನಿನಲ್ಲಿ ಯಾವುದೋ ದೇಶದ ಕಾಡಿನವನೊಬ್ಬನ ವಿಡಿಯೋ ನೋಡುವುದು. ಗಡ್ಡದ ಆಸಾಮಿ. ಮಾತೇ ಆಡುವುದಿಲ್ಲ, ಬರೀ ಕೆಲಸ. ಬೆಂಕಿ ಮಾಡುತ್ತಾನೆ, ಗುಡಿಸಲು ಕಟ್ಟುತ್ತಾನೆ, ತೊರೆಯ ಶಬ್ದ ಕೇಳುತ್ತಿರುತ್ತದೆ. ಮನಸ್ಸಿಗೆ ಒಂಥರಾ ಹಾಯೆನಿಸುತ್ತಿತ್ತು. ಅವನು ಗರಗಸ ಮಾಡಿದ್ದನ್ನೂ ನೋಡಿದ್ದೆ. ಎರಡು ಕೋಲು ನಿಲ್ಲಿಸಿ, ನಡುವೆ ಒಂದು ಅಡ್ಡಕೋಲು ಸಿಕ್ಕಿಸುತ್ತಾನೆ. ಕೆಳಗಿನ ತುದಿಗಳಿಗೆ ಬ್ಲೇಡು, ಮೇಲಿನ ತುದಿಗಳಿಗೆ ಹಗ್ಗ. ಹಗ್ಗದ ನಡುವೆ ಒಂದು ಕಡ್ಡಿ ತೂರಿಸಿ ತಿರುಚಿದರೆ ಮೇಲಿನ ತುದಿಗಳು ಹತ್ತಿರ ಬರುತ್ತವೆ, ಕೆಳಗಿನವು ದೂರ ಸರಿದು ಬ್ಲೇಡು ಬಿಗಿಯಾಗುತ್ತದೆ. ಅಯ್ಯೋ, ಇದು ನಾನು ಮೂವತ್ತೊಂದು ವರ್ಷ ಹೇಳಿಕೊಟ್ಟ ಸನ್ನೆ ಪಾಠವೇ ಅಲ್ಲವೇ! ಗಡ್ಡದವನು ಹತ್ತು ನಿಮಿಷದಲ್ಲಿ ಮುಗಿಸಿದ್ದ. ನಾನು ಮೇಷ್ಟ್ರು, ಇಪ್ಪತ್ತು ನಿಮಿಷ ಹಿಡಿಯಲಿ ಎಂದುಕೊಂಡೆ.

ಮೊದಲು ಕೋಲು ಬೇಕಲ್ಲ. ಕಾರ್ಪೊರೇಷನ್ನಿನವರು ಪಾರ್ಕಿನ ಪಕ್ಕ ಹೊಂಗೆ ಮರದ ಕೊಂಬೆ ಕಡಿದು ಫುಟ್‌ಪಾತಿನ ಮೇಲೆ ರಾಶಿ ಹಾಕಿದ್ದರು. ಬೆಳಗಿನ ವಾಕಿಂಗಿಗೆ ಹೋದವನು ಅದರಲ್ಲಿ ನೆಟ್ಟಗಿದ್ದ ನಾಲ್ಕನ್ನು ಆರಿಸಿ ಹೆಗಲಮೇಲಿಟ್ಟುಕೊಂಡು ಬಂದೆ. ಎದುರುಮನೆಯ ಗೌಡರು ಗೇಟಿನಲ್ಲಿ ನಿಂತಿದ್ದರು. "ಏನ್ ಸಾರ್, ಮನೇಲಿ ಹೋಮ ಇಟ್ಕೊಂಡಿದೀರಾ?" ಎಂದರು. ಹೌದೆಂದರೆ ಪ್ರಸಾದಕ್ಕೆ ಬರುತ್ತಾರೆ, ಇಲ್ಲವೆಂದರೆ ವಿವರ ಕೇಳುತ್ತಾರೆ. "ಆರೋಗ್ಯಕ್ಕೆ, ಹೆಗಲಿಗೆ ವ್ಯಾಯಾಮ," ಎಂದುಬಿಟ್ಟೆ. ಮಾರನೆಯ ದಿನ ಗೌಡರೂ ಒಂದು ಕೊಂಬೆ ಹೊತ್ತುಕೊಂಡು ವಾಕಿಂಗು ಮಾಡುತ್ತಿದ್ದರು.

ಕೋಲಿನ ತುದಿಗೆ ಬ್ಲೇಡು ಸಿಕ್ಕಿಸಲು ಸೀಳು ಬೇಕು. ಗಡ್ಡದವನ ಸೊಂಟದಲ್ಲಿ ದೊಡ್ಡ ಚಾಕು ಇತ್ತು. ನಮ್ಮಲ್ಲಿ ಈಳಿಗೆಮಣೆ ಇತ್ತು. ಅದರ ಮೇಲೆ ಕೂತು ಪಡವಲಕಾಯಿ ಹೆಚ್ಚುವವನಂತೆ ಹೊಂಗೆ ಕೋಲನ್ನು ಒತ್ತಿದೆ. ಪದ್ಮ ಬಂದು ನೋಡಿ, ತರಕಾರಿ ಬುಟ್ಟಿ ಎತ್ತಿಕೊಂಡು ಒಳಗೆ ಹೋದಳು. ಹಾರ್ಡ್‌ವೇರ್ ಅಂಗಡಿಯಿಂದ ಬ್ಲೇಡು ತಂದೆ, ಬಟ್ಟೆ ಒಣಗಿಸುವ ನೈಲಾನ್ ಹಗ್ಗವನ್ನೇ ಬಿಚ್ಚಿದೆ. ಮಾಡಿದ್ದೇನೋ ಆಯಿತು, ಆದರೆ ಹಸಿ ಕೋಲಾದ್ದರಿಂದ ಎರಡೂ ಬದಿ ಒಳಕ್ಕೆ ಬಾಗಿಬಿಟ್ಟವು. ನೈಲಾನಿನದು ಇನ್ನೊಂದು ಕಥೆ. ಎಷ್ಟು ತಿರುಚಿದರೂ ಹಿಗ್ಗುತ್ತದೆ, ಹಿಗ್ಗುತ್ತದೆ, ಬಿಗಿಯಾಗುವುದೇ ಇಲ್ಲ. ನನಗೆ ರೇಗಿತು. ಹಲ್ಲು ಕಚ್ಚಿ ಇನ್ನೂ ನಾಲ್ಕು ಸುತ್ತು ತಿರುಚಿದೆ. ಗಂಟು ಬಿಚ್ಚಿಕೊಂಡಿತು ನೋಡಿ, ಕಡ್ಡಿ ಗಿರ್ರೆಂದು ತಿರುಗಿ ಹಾರಿ ಉಪ್ಪಿನಕಾಯಿ ಜಾಡಿಯ ಮುಚ್ಚಳಕ್ಕೆ ಬಡಿಯಿತು. ಜಾಡಿ ಉಳಿಯಿತು, ಮುಚ್ಚಳ ಹೋಯಿತು. ಕೋಲು ಒಣಗಲೆಂದು ಒಂದು ವಾರ ತಾರಸಿಯ ಮೇಲೆ ಬಿಸಿಲಿಗಿಟ್ಟು, ದಿನಕ್ಕೆ ಮೂರು ಸಲ ಹತ್ತಿ ಹೋಗಿ ಮಗ್ಗುಲು ತಿರುಗಿಸಿ ಬಂದೆ. ಹಪ್ಪಳಕ್ಕೂ ಅಷ್ಟು ಉಪಚಾರ ಯಾರೂ ಮಾಡುವುದಿಲ್ಲ.

ಒಣಗಿದ ಕೋಲಿನಲ್ಲಿ ಮತ್ತೆ ಚೌಕಟ್ಟು ಕಟ್ಟಿ, ಒಂದು ಹಳೇ ಕೋಲಿನ ಮೇಲೆ ಪ್ರಯೋಗ ಮಾಡಿದೆ. ಅರ್ಧ ಗಂಟೆ ಎಳೆದರೂ ಉಗುರಿನಷ್ಟು ಆಳ ಹೋಗಲಿಲ್ಲ. ಸೋತು ಬ್ಲೇಡು ಹಿಡಿದುಕೊಂಡು ಷಫಿಯ ಅಂಗಡಿಗೆ ಹೋದೆ. ವಿಜ್ಞಾನದಲ್ಲಿ ನಾನೇ ಎರಡು ಸಲ ಫೇಲು ಮಾಡಿದ ಹುಡುಗ. ಈಗ ಗಡ್ಡದಲ್ಲಿ ಬಿಳಿ ಕೂದಲು. ಬ್ಲೇಡನ್ನು ಬೆಳಕಿಗೆ ಹಿಡಿದು ನೋಡಿ ನಕ್ಕ. "ಸಾರ್, ಇದು ಕಬ್ಬಿಣ ಕುಯ್ಯೋದು. ಹಲ್ಲು ನೋಡಿ, ಎಷ್ಟು ಸಣ್ಣಗಿದೆ. ಮರದ ಪುಡಿ ಇದರಲ್ಲೇ ಸಿಕ್ಕಾಕೊಳ್ಳತ್ತೆ, ಮುಂದಕ್ಕೆ ಹೋಗಲ್ಲ. ಮರಕ್ಕೆ ಹಲ್ಲು ದೊಡ್ಡದಿರ್ಬೇಕು, ಒಂದು ಈ ಕಡೆ ಒಂದು ಆ ಕಡೆ ಬಗ್ಗಿರ್ಬೇಕು." ಎಷ್ಟು ಚೆನ್ನಾಗಿ ಹೇಳಿದನೆಂದರೆ, ಆ ಎರಡು ಫೇಲನ್ನೂ ಅಲ್ಲೇ ವಾಪಸು ತೆಗೆದುಕೊಳ್ಳಬೇಕೆನಿಸಿತು. ತನ್ನ ಮೆಷಿನ್ನಿನ ಹಳೆಯ ಪಟ್ಟಿ ಬ್ಲೇಡಿನಿಂದ ಮೊಳದುದ್ದ ತುಂಡು ಕತ್ತರಿಸಿ, ಎರಡೂ ತುದಿಗೆ ತೂತು ಹಾಕಿ ಕೊಟ್ಟ.

"ಏನು ಕುಯ್ಯೋದಿದೆ ಸಾರ್? ಇಲ್ಲಿಗೇ ತನ್ನಿ, ಎರಡು ನಿಮಿಷ."

"ಅಮ್ಮನ ಹಲಗೆ ಕಣೋ. ಗೊಂಬೇದು," ಎಂದೆ. ಷಫಿ ಒಂದು ಕ್ಷಣ ನನ್ನನ್ನೇ ನೋಡಿದ. "ನಿಧಾನಕ್ಕೆ ಮಾಡಿ ಸಾರ್, ಅರ್ಜೆಂಟ್ ಮಾಡ್ಬೇಡಿ," ಎಂದ. ಮತ್ತೆ ಮೆಷಿನ್ನಿನ ಮಾತೆತ್ತಲಿಲ್ಲ.

ಇನ್ನು ಉಳಿದದ್ದು ಹಗ್ಗ. ಪಾಡ್ಯಕ್ಕೆ ಎರಡೇ ದಿನ. ಸೆಣಬಿನ ಹುರಿ ತಂದೆ, ಕಿತ್ತುಹೋಯಿತು. ಹಜಾರದಲ್ಲಿ ತಲೆ ಹಿಡಿದು ಕೂತಿದ್ದಾಗ ಪದ್ಮ ಅಟ್ಟದಿಂದ ಗೊಂಬೆಯ ಪೆಟ್ಟಿಗೆ ಇಳಿಸಿಕೊಂಡು ಬಂದಳು. ಗೊಂಬೆಗಳಿಗೆಲ್ಲ ಅಮ್ಮ ತನ್ನ ಹಳೆಯ ನೂಲಿನ ಸೀರೆಗಳ ತುಂಡು ಸುತ್ತಿಡುತ್ತಿದ್ದಳು. ಪದ್ಮ ಪಟ್ಟದ ರಾಣಿಯನ್ನು ಬಿಡಿಸಿ ಮಡಿಲಲ್ಲಿಟ್ಟುಕೊಂಡು, ಆ ಸೀರೆಯ ಅಂಚನ್ನು ಉದ್ದಕ್ಕೆ ಸರ್ರೆಂದು ಹರಿದಳು.

"ತಗೊಳ್ಳಿ. ಇದು ಹಿಗ್ಗಲ್ಲ."

"ಅಮ್ಮನ ಸೀರೆ ಕಣೆ!"

"ಅವರ ಹಲಗೆ, ಅವರ ಸೀರೆ, ಅವರ ಮಗ. ಹೊಂದ್ಕೊಳ್ಳತ್ತೆ ಬಿಡಿ."

ನಸ್ಯದ ಬಣ್ಣದ ಅಂಚು, ಮೂಸಿದರೆ ಇನ್ನೂ ಕರ್ಪೂರದ ವಾಸನೆ. ನಾಲ್ಕು ಸುತ್ತು ಹಾಕಿ, ಕಡ್ಡಿ ತೂರಿಸಿ ತಿರುಚಿದೆ. ಬ್ಲೇಡು ಬಿಗಿಯಾಗುತ್ತಾ ಹೋಯಿತು. ಬೆರಳಿನಿಂದ ಮಿಡಿದರೆ ಟಿಣ್ ಎಂದಿತು. ಜೀವಮಾನದಲ್ಲಿ ನನ್ನ ಕೈಯಿಂದ ಸರಿಯಾಗಿ ಆದ ಮೊದಲ ವಸ್ತು ಅದು. ನಾನು ಇನ್ನೂ ಎರಡು ಸಲ ಮಿಡಿದೆ.

ಸರಿ, ಹಲಗೆ ಬಂತು, ಎರಡು ಸ್ಟೂಲುಗಳ ಮೇಲೆ ಮಲಗಿತು. ಪದ್ಮ ಅಲುಗಾಡದ ಹಾಗೆ ಅದರ ಮೇಲೆ ಕೂತಳು. ಪೆನ್ಸಿಲಿನಲ್ಲಿ ಗೆರೆ ಎಳೆದೆ. ಗರಗಸ ಇಟ್ಟೆ. ಆಮೇಲೆ ತೆಗೆದೆ. ಬ್ಲೇಡು ಸ್ವಲ್ಪ ಸಡಿಲವಾಗಿದೆ ಎಂದೆ. ತಿರುಚಿದೆ. ಮತ್ತೆ ಇಟ್ಟೆ, ಮತ್ತೆ ತೆಗೆದೆ. ಬೆಳಕು ಸಾಲದು ಎಂದೆ. ಬೆಳಗಿನ ಹತ್ತು ಗಂಟೆ, ಹಜಾರದ ತುಂಬ ಬಿಸಿಲು. ನಿಜ ಹೇಳುತ್ತೇನೆಂದೆನಲ್ಲ, ಇದೇ ನಿಜ. ನನಗೆ ಅದನ್ನು ಕೊಯ್ಯಲು ಮನಸ್ಸೇ ಇರಲಿಲ್ಲ. ಹನ್ನೊಂದು ದಿನ ಕೊಂಬೆ ಹೊತ್ತದ್ದು, ಕೋಲು ಒಣಗಿಸಿದ್ದು, ಎಲ್ಲ ಈ ಒಂದು ಗಳಿಗೆಯನ್ನು ಮುಂದೂಡಲು. ಹಲಗೆ ಕೊಯ್ದರೆ ಅಮ್ಮ ಇಲ್ಲ ಎಂಬುದಕ್ಕೆ ನಾನೇ ರುಜು ಹಾಕಿದಂತೆ ಅನಿಸುತ್ತಿತ್ತು. ಅರವತ್ಮೂರು ವರ್ಷದ ಗಂಡಸು, ಹೆಂಡತಿಯ ಎದುರು ಗರಗಸ ಹಿಡಿದು ಅಳುತ್ತಾ ನಿಂತೆ.

ಪದ್ಮ ಹಲಗೆಯಿಂದ ಇಳಿದಳು. "ಇದನ್ನ ತಿರುಗಿಸಿ ನೋಡಿ," ಎಂದಳು. ಇಬ್ಬರೂ ಸೇರಿ ಬೋರಲು ಹಾಕಿದೆವು. ಎಡಗಡೆ ತುದಿ ಬಡಗಿ ಉಜ್ಜಿ ನಯ ಮಾಡಿದ್ದು. ಬಲಗಡೆ ತುದಿ ಮಾತ್ರ ಒರಟು, ಓರೆ, ನಾರು ಎದ್ದಿದೆ. ಯಾರೋ ಕೆಲಸ ಬರದವರು ಕೊಯ್ದ ಹಾಗಿದೆ.

"ನಿಮ್ಮಮ್ಮ ಕೊಯ್ದಿದ್ದು," ಎಂದಳು. "ಅವರು ಮೊದಲಿದ್ದ ಬಸವನಗುಡಿ ಮನೆ ಹಜಾರ ದೊಡ್ಡದಂತೆ. ಅಲ್ಲಿಂದ ಚಾಮರಾಜಪೇಟೆಗೆ ಬಂದಾಗ ಹಲಗೆ ಹಿಡಿಸ್ಲಿಲ್ಲ. ಮಾವನೋರು ಬಡಗೀನ ಕರೀತೀನಿ, ನಾಳೆ ಕರೀತೀನಿ ಅಂತ ದಿನ ತಳ್ತಿದ್ರಂತೆ. ಒಂದಿನ ಅವರು ಆಫೀಸಿಗೆ ಹೋದ್ಮೇಲೆ ಅತ್ತೆ ಪಕ್ಕದ್ಮನೆಯಿಂದ ಗರಗಸ ಇಸ್ಕೊಂಡು ಬಂದು, ಐದನ್ನೂ ಕೊಯ್ದೇಬಿಟ್ರಂತೆ. ಅಲ್ಲಾಡ್ದೆ ಇರ್ಲಿ ಅಂತ ನಿಮ್ಮನ್ನ ಹಲಗೆ ಮೇಲೆ ಕೂರಿಸಿದ್ರಂತೆ. ನಿಮಗೆ ಐದು ವರ್ಷ."

ಅಂದರೆ ಆ ಕೆಲಸದಲ್ಲಿ ನಾನೂ ಇದ್ದೆ, ತೂಕವಾಗಿ. ನನಗೆ ನಗು ಬಂತು, ಅಳುವೂ ನಿಂತಿರಲಿಲ್ಲ, ಎರಡೂ ಸೇರಿ ಮೂಗು ಸೋರಿತು. "ಇದನ್ನ ಮೊದಲೇ ಯಾಕೆ ಹೇಳ್ಲಿಲ್ಲ?" ಎಂದು ಗದರಿದೆ.

ಪದ್ಮ ಸೆರಗಿನಲ್ಲಿ ಹಲಗೆಯ ಧೂಳು ಒರೆಸುತ್ತಾ, "ಅತ್ತೆ ಹೋದಾಗಿನಿಂದ ಫೋನ್ ಹಿಡ್ಕೊಂಡು ಆ ಸೋಫಾ ಮೂಲೇಲಿ ಕೂತಿದ್ರಿ. ಊಟಕ್ಕೆ ಎರಡು ಸಲ ಕರೀಬೇಕಿತ್ತು. ಈ ಹನ್ನೊಂದು ದಿನ ಮೆಟ್ಲು ಹತ್ತಿದ್ರಿ, ಇಳಿದ್ರಿ, ಕೂಗಾಡಿದ್ರಿ, ಜಾಡಿ ಮುಚ್ಚಳ ಒಡೆದ್ರಿ, ಹಸಿವು ಅಂತ ನೀವೇ ಅಡುಗೆಮನೆಗೆ ಬಂದ್ರಿ. ಅದನ್ಯಾಕೆ ನಿಲ್ಲಿಸ್ಲಿ?" ಎಂದಳು. ಆಮೇಲೆ ಹಲಗೆಯ ಮೇಲೆ ಹತ್ತಿ ಕೂತು, "ಹೂಂ, ಕೊಯ್ಯಿರಿ. ಅನ್ನಕ್ಕಿಡಬೇಕು," ಎಂದಳು.

ಕೊಯ್ದೆ. ಐದನ್ನೂ ಕೊಯ್ದೆ. ಗರಗಸ ಒಂದು ಸಲವೂ ಕೈಕೊಡಲಿಲ್ಲ, ಸೀರೆಯ ಅಂಚು ಒಂದು ಎಳೆಯೂ ಬಿಡಲಿಲ್ಲ. ಗೆರೆಯ ಮೇಲೆ ಹೋಗುವುದೊಂದು ಬಿಟ್ಟು ಉಳಿದದ್ದೆಲ್ಲ ಅದು ಸರಿಯಾಗಿ ಮಾಡಿತು. ಹಲಸಿನ ಹಳದಿ ಪುಡಿ ಪದ್ಮಳ ಪಾದದ ಮೇಲೆಲ್ಲ ಬಿತ್ತು. ಬಚ್ಚಲಮನೆಯ ಬಾಗಿಲು ಸರಾಗವಾಗಿ ತೆರೆಯಿತು.

ಪಾಡ್ಯದ ದಿನ ರಾಜ ರಾಣಿ ಮೇಲಿನ ಮೆಟ್ಟಿಲಲ್ಲಿ ಕೂತರು. ಕೆಳಗಿನ ಮೆಟ್ಟಿಲಲ್ಲಿ, ತಟ್ಟೆಯಲ್ಲಿ ರಾಗಿ ಪೈರು ಬೆಳೆಸಿ ಮಾಡಿದ ಪುಟ್ಟ ಪಾರ್ಕಿನ ಪಕ್ಕ, ಪದ್ಮ ನನ್ನ ಗರಗಸಕ್ಕೂ ಕುಂಕುಮವಿಟ್ಟು ಕೂರಿಸಿದಳು. ಸಂಜೆ ಅರಿಶಿನ ಕುಂಕುಮಕ್ಕೆ ಎದುರುಮನೆಯ ಗೌಡರ ಹೆಂಡತಿ ಬಂದರು. ಗೊಂಬೆಗಳನ್ನೆಲ್ಲ ನೋಡಿ ಹೊಗಳಿ, ಆಮೇಲೆ ತಲೆ ಓರೆ ಮಾಡಿ, "ಅಲ್ಲ ಪದ್ಮಾ, ಈ ಬಲಗಡೆ ಐದು ಮೆಟ್ಟಿಲೂ ಐದು ಥರ ಸೊಟ್ಟಗಿದೆಯಲ್ಲ, ಯಾಕೆ?" ಎಂದರು.

"ಅದು ನಮ್ಮನೆ ಪದ್ಧತಿ ಕಣ್ರೀ," ಎಂದಳು ಪದ್ಮ, ಕಣ್ಣು ಮಿಟುಕಿಸದೆ. "ನಮ್ಮತ್ತೆ ಕಾಲದಿಂದ್ಲೂ ಹಾಗೇ."

ಅವರು ಭಕ್ತಿಯಿಂದ ಕೈಮುಗಿದರು. ಕಡಲೆ ಉಸಲಿಯ ತಟ್ಟೆ ಹಿಡಿದು ನಿಂತಿದ್ದ ನನ್ನ ಕಡೆ ತಿರುಗಿ, "ಆ ಗರಗಸ ನೀವೇ ಮಾಡಿದ್ದಂತೆ! ನಿಮಗೆ ಬಡಗಿ ಕೆಲಸ ಬರತ್ತೆ ಅಂತ ನಮಗೆ ಗೊತ್ತೇ ಇರ್ಲಿಲ್ಲ ಸಾರ್," ಎಂದರು.

"ಏನೋ ತಕ್ಕಮಟ್ಟಿಗೆ ಬರತ್ತಮ್ಮ. ತಾಯಿ ಕಡೆಯಿಂದ ಬಂದದ್ದು," ಎಂದು ಶುರುಮಾಡಿದವನು, ಸನ್ನೆ, ಎಳೆತ, ಬ್ಲೇಡಿನ ಹಲ್ಲು, ಮರದ ನಾರು ಎಂದು ಉಸಲಿ ತಣ್ಣಗಾಗುವವರೆಗೂ ವಿವರಿಸಿದೆ. ಅಮ್ಮ ಇದ್ದಿದ್ದರೆ ಕಾಫಿ ಲೋಟ ಕೆಳಗಿಡುತ್ತಾ, "ನೋಡಿದ್ರಾ, ನಾನು ಹೇಳ್ಲಿಲ್ವಾ?" ಎನ್ನುತ್ತಿದ್ದಳು.