ಐದನೇ ತೂತು

"ನಿನ್ನ ಕೆಲಸದ ದೊಡ್ಡ ತಪ್ಪೇ ಇದು ಕಣಣ್ಣ. ಒಂದ್ಸಲ ಬೆಸುಗೆ ಹಾಕಿದ್ರೆ ಆ ಪಾತ್ರೆ ಜನ್ಮದಲ್ಲಿ ಬಾಯಿ ಬಿಡಲ್ಲ. ಆಮೇಲೆ ಗಿರಾಕಿ ನಿನ್ನ ಮುಖ ಯಾಕೆ ನೋಡ್ತಾನೆ ಹೇಳು?"

ಎದುರಂಗಡಿಯ ದರ್ಜಿ ತುಟಿಯಲ್ಲಿ ಎರಡು ಗುಂಡುಪಿನ್ನು ಕಚ್ಚಿಕೊಂಡೇ ಇಷ್ಟು ಹೇಳಿ ತನ್ನ ಮಿಷನ್ನಿಗೆ ಮರಳಿದ. ಬೆಸುಗೆಯಣ್ಣನಿಗೆ ಮಾತ್ರ ಆ ಮಾತು ಕರಗಿದ ತವರದ ಹನಿಯಂತೆ ಚುರ್ ಎಂದು ಅಂಟಿಕೊಂಡಿತು. ಅಂಗಡಿಯ ಹಿಂದಿನ ಕೋಣೆಯಲ್ಲಿ ಅವನು, ಒಂದು ತಟ್ಟೆ, ಒಂದು ಲೋಟ, ಇಷ್ಟೇ ಸಂಸಾರ. ಮೂವತ್ತು ವರ್ಷ ಊರಿನ ಪಾತ್ರೆಗಳಿಗೆಲ್ಲ ಹಿಡಿ, ಕಿವಿ, ಮೂತಿ ಅಂಟಿಸಿಕೊಟ್ಟಿದ್ದ. ಅವನಿಗೆ ಮಾತ್ರ ಯಾರೂ ಅಂಟಿರಲಿಲ್ಲ.

ಮತ್ತೆ ಮತ್ತೆ ಬರುತ್ತಿದ್ದವರು ಒಬ್ಬರೇ, ಬೀದಿಯ ಕೊನೆಮನೆಯಲ್ಲಿ ಒಬ್ಬರೇ ಇದ್ದ ನಿವೃತ್ತ ಟೀಚರು. ಕಳೆದೊಂದು ವರ್ಷದಲ್ಲಿ ನಾಲ್ಕು ಸಲ ಅದೇ ತಗಡಿನ ಕೆಟಲು, ತಳದಲ್ಲಿ ಪ್ರತಿಸಲ ಹೊಸ ತೂತು, ಅಳತೆ ಹಿಡಿದ ಹಾಗೆ ದುಂಡಗೆ. ನೀರು ಕೆಟ್ಟದ್ದು, ತಗಡು ತಿನ್ನುತ್ತಿದೆ ಎಂದು ಅವನು ನಂಬಿದ್ದ. ಬೆಸುಗೆ ಹಾಕಿದ ಪಾತ್ರೆಗೆ ನೀರು ತುಂಬಿ ಅರ್ಧ ಗಂಟೆ ಸೋರುತ್ತದೋ ಎಂದು ನೋಡುವುದು ಅವನ ಅಂಗಡಿಯ ಕಟ್ಟಳೆ. ಉಳಿದ ಗಿರಾಕಿಗಳು ಆ ಹೊತ್ತಿನಲ್ಲಿ ಪೇಟೆ ಸುತ್ತಿ ಬರುವರು. ಟೀಚರು ಸ್ಟೂಲಿನ ಮೇಲೆ ಕೂತುಬಿಡುವರು. ಆ ಅರ್ಧ ಗಂಟೆಯನ್ನು ಅವನು ತಿಂಗಳುಗಟ್ಟಲೆ ಅನ್ನಕ್ಕೆ ಕಲಸಿಕೊಂಡು ಉಣ್ಣುತ್ತಿದ್ದ.

ದರ್ಜಿ ಹೋದ ಹತ್ತು ನಿಮಿಷಕ್ಕೆ ಅವರೇ ಬಂದರು. ಐದನೇ ತೂತು!

ಈ ಸಲ ಬೇಗ ಬಿಟ್ಟುಕೊಳ್ಳುವ ಬೆಸುಗೆಯನ್ನೇ ಹಾಕುವುದೆಂದು ಅಣ್ಣ ತೀರ್ಮಾನಿಸಿದ. ಆದರೆ ಕೈ ಕೇಳಬೇಕಲ್ಲ! ತವರ ಕಚ್ಚಿ ಹಿಡಿಯಲು ಬೇಕಾದ ನವಸಾಗರವನ್ನು ಹಚ್ಚದೆ ಬಿಡೋಣವೆಂದರೆ ಬೆರಳು ತಾನಾಗಿ ಡಬ್ಬಿಗೆ ಹೋಯಿತು. ಎರಡು ಸಲ ಹಾಕಿದ, ಎರಡು ಸಲವೂ ಬಂಡೆಯಂತೆ ಕೂತಿತು, ಕಾಯಿಸಿ ಕಿತ್ತ. ಕೊನೆಗೆ ಟೀಚರಿಗೆ ಬೆನ್ನು ಮಾಡಿ, ಮೇಣದಬತ್ತಿ ಕರಗಿಸಿ ತೂತಿಗೆ ಬಿಟ್ಟು, ಮೇಲೆ ಮಸಿ ಸವರಿದ. ತಣ್ಣೀರಿಗೆ ಮೇಣ ಜಗ್ಗಲಿಲ್ಲ.

"ನಿನ್ನೆ ಇಡೀ ದಿನ ನಾನಾಡಿದ್ದು ಎರಡೇ ಮಾತು," ಎಂದರು ಟೀಚರು ಸ್ಟೂಲಿನಿಂದ. "ಹಾಲಿನವನಿಗೆ 'ಅರ್ಧ ಲೀಟರ್' ಅಂದೆ."

"ನೀವೇ ವಾಸಿ ಟೀಚರ್. ನಾನು ಕೆಮ್ಮಿದ್ದು ಒಂದೇ."

ಇಬ್ಬರೂ ನಕ್ಕರು. ಅರ್ಧ ಗಂಟೆ ಮುಗಿಯಿತು.

ಮಧ್ಯಾಹ್ನ ದರ್ಜಿ ಅಳತೆಪಟ್ಟಿ ಕೊರಳಲ್ಲಿ ಹಾರಾಡಿಸುತ್ತ ಓಡಿಬಂದ. "ಅಣ್ಣಾ, ಟೀಚರ ಒಲೆ ಮೇಲೆ ಪ್ರಳಯ! ಕೆಟಲಿಂದ ಮೇಣ ಇಳೀತಂತೆ! ತವರ ಯಾವ್ದು, ಮೇಣದಬತ್ತಿ ಯಾವ್ದು ಅಂತ್ಲೂ ಕಾಣ್ದಷ್ಟು ಕಣ್ಣು ಹೋಯ್ತಾ ನಿಂಗೆ?"

ಅವನ ಬಾಯಿಗೆ ಬಿದ್ದ ಸುದ್ದಿ ಬೀದಿ ದಾಟಲು ಎಷ್ಟು ಹೊತ್ತು? ಮೂವತ್ತು ವರ್ಷದಲ್ಲಿ ಮೊದಲ ಸಲ ಅಂಗಡಿ ತುಂಬ ಜನ. ಒಬ್ಬ ಮೂಗಿನ ಮುಂದೆ ಬೆರಳು ಹಿಡಿದು "ಇದೆಷ್ಟು ಹೇಳು" ಎಂದ. ಗಾಬರಿಯಲ್ಲಿ ಅಣ್ಣ ಎರಡನ್ನು ಮೂರು ಎಂದ. ಅಯ್ಯೋ ಪಾಪ ಎನ್ನುತ್ತ ಎಲ್ಲರೂ ರಿಪೇರಿಗೆ ಕೊಟ್ಟಿದ್ದ ಪಾತ್ರೆಗಳನ್ನು ಒಂದೊಂದಾಗಿ ಎತ್ತಿಕೊಂಡು ಹೋದರು.

ಸಂಜೆ ಟೀಚರು ಬಂದರು. ಒಂದು ಕೈಯಲ್ಲಿ ಹಳೆಯ ಕೆಟಲು, ಇನ್ನೊಂದರಲ್ಲಿ ಹೊಸ ಡಬ್ಬ. ಕೂರಲಿಲ್ಲ.

"ನಿಮ್ಮ ಹತ್ರ ಒಂದು ತಪ್ಪು ಒಪ್ಕೋಬೇಕು. ಈ ತೂತುಗಳನ್ನ ನಾನೇ ಮಾಡಿದ್ದು. ಮೊಳೆ ಇಟ್ಟು, ಸುತ್ತಿಗೇಲಿ. ಐದೂ."

"ಯಾಕೆ ಟೀಚರ್?"

"ಕೆಲಸ ಇಲ್ದೆ ಬಂದು ಕೂತ್ರೆ ಆ ದರ್ಜಿ ನನಗೊಂದು ಕತೆ ಹೊಲೀತಾನೆ. ಕೆಟಲಿದ್ರೆ ಯಾರೂ ಕೇಳಲ್ಲ."

ಅಣ್ಣ ದಡಕ್ಕನೆ ಎದ್ದ. "ನಾನೂ ಬೇಕಂತ್ಲೇ ಮಾಡಿದ್ದು! ಮೇಣ ಅಂತ ಗೊತ್ತಿದ್ದೇ ಹಾಕಿದೆ. ನೀವು ಬೇಗ ಮತ್ತೆ ಬರ್ಲಿ ಅಂತ!"

ಟೀಚರು ಅವನನ್ನು ಅಕ್ಕರೆಯಿಂದ ನೋಡಿದರು. "ನನಗೆ ನೋವಾಗಬಾರದು ಅಂತ ಹೀಗೆ ಹೇಳ್ತೀರಿ. ನಲವತ್ತು ವರ್ಷ ಮಕ್ಕಳ ನೆಪ ಕೇಳಿದ ಕಿವಿ ಇದು. ಮೊಳೆ ಹೊಡ್ದು ಹೊಡ್ದು ನಿಮ್ಮ ಕಣ್ಣು ಸವೆಸಿದ್ದು ನಾನೇ. ಇನ್ನು ತೊಂದ್ರೆ ಕೊಡಲ್ಲ."

"ಆ ಡಬ್ಬದಲ್ಲೇನು?"

"ಕರೆಂಟಿನ ಕೆಟಲು. ಮೊಳೆ ಹೊಡೆದ್ರೆ ಶಾಕ್ ಹೊಡೀತದಂತೆ. ನನ್ನ ಕೈಗೂ ಒಂದು ಹದ್ದುಬಸ್ತು ಬೇಕಲ್ಲ. ಹಳೇದು ನೀವೇ ಇಟ್ಕೊಳ್ಳಿ."

ಅವರು ಬೀದಿಯ ಕೊನೆ ತಲುಪುವವರೆಗೂ ಅಣ್ಣ ಬಾಗಿಲಲ್ಲಿ ನಿಂತಿದ್ದ. ಆಮೇಲೆ ಒಳಗೆ ಬಂದು ಕೆಂಡ ಊದಿದ. ನವಸಾಗರ ಹಚ್ಚಿ, ನಿಜವಾದ ತವರ ಕರಗಿಸಿ ಐದನೇ ತೂತು ಮುಚ್ಚಿದ. ಕೆಟಲಿಗೆ ನೀರು ತುಂಬಿಟ್ಟು, ಖಾಲಿ ಸ್ಟೂಲಿನೆದುರು ಅರ್ಧ ಗಂಟೆ ಕೂತ. ಒಂದು ಹನಿಯೂ ಬೀಳಲಿಲ್ಲ.